ಹಟ್ಟಿಕೇರಿಯಲ್ಲಿ ಸಿಗ್ನಲ್ ಇತ್ತು

ಬೀರಣ್ಣ, ಹಟ್ಟಿಕೇರಿಯ ನಿನ್ನ ಮನೆಯಂಗಳದಲ್ಲಿ ಸಿಗ್ನಲ್ ಇತ್ತು. ಇತ್ತು ಅಂದರೆ ಅರೆಬರೆಯಲ್ಲ — ಮೊಬೈಲಿನ ಮೂಲೆಯ ಗೆರೆಗಳು ಪೂರ್ತಿ ನಿಂತಿದ್ದವು. ಅದನ್ನು ಕಣ್ಣಾರೆ ನೋಡಿಯೂ ನಾನು ಇಲ್ಲವೆಂದು ಹೇಳಿದೆ. ಹೇಳಿ, ಅಲ್ಲಿ ಸಿಗದ ಇನ್ನೊಂದು ಕಂಪನಿಯ ಸಿಮ್ಮನ್ನೇ ನಮ್ಮ ವ್ಯವಹಾರಕ್ಕೆ ತೆಗೆದುಕೊಂಡೆ. ನಿನ್ನ ಸಂಸಾರ ಮುರಿಯಲು ಶುರುವಾದದ್ದು ಅಲ್ಲಿಂದ. ಇಷ್ಟು ವರ್ಷ ನೀನು ಅಂದುಕೊಂಡ ಹಾಗೆ ನಿನ್ನಿಂದಲ್ಲ.

ಇದನ್ನು ಬಾಯಲ್ಲಿ ಹೇಳಲು ಎಷ್ಟೋ ಸಲ ಹೊರಟಿದ್ದೇನೆ. ನಾಲಿಗೆಯ ತುದಿಗೆ ಬಂದ ಮಾತು ಅಲ್ಲಿಂದಲೇ ಹಿಂದಕ್ಕೆ ಹೋಗಿದೆ. ನನ್ನ ಸ್ವಭಾವ ನಿನಗೆ ಗೊತ್ತು — ಮಾತನ್ನು ಅರ್ಧದಲ್ಲಿ ಬೇರೆ ಕಡೆ ತಿರುಗಿಸುವುದರಲ್ಲಿ ನಾನು ಪಳಗಿದವನು. ಅದಕ್ಕೆ ಮೊದಲು ಬರೆದು ನೋಡುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಯಾಕೆಂದರೆ ಗೊತ್ತಿರುವುದರ ಹಿಂದೆಯೇ ನಾನು ಅಡಗಿ ಕುಳಿತದ್ದು.

ಆಗ ನಮ್ಮ ಪಾಲುದಾರಿಕೆಯಲ್ಲಿ ಎರಡು ಬಾಡಿಗೆ ಗಾಡಿಗಳಿದ್ದವು, ಒಂದು ಜೀಪು, ಒಂದು ವ್ಯಾನು. ಹಬ್ಬುವಾಡದ ನನ್ನ ಮನೆಯೇ ಆಫೀಸು, ನನ್ನ ಮನೆಯ ಫೋನೇ ಆಫೀಸಿನ ಫೋನು. ಗಿರಾಕಿಗಳಲ್ಲಿ ಹೆಚ್ಚಿನವರು ಕೈಗಾ ಅಣುಸ್ಥಾವರದಲ್ಲಿ ಕೆಲಸ ಮಾಡುವವರು. ಅವರೋ, ಸಂಜೆ ಕಂಪನಿ ಬಸ್ಸಿನಲ್ಲಿ ಮನೆ ಮುಟ್ಟಿ, ಚಾ ಕುಡಿದು, ಕಾಲು ನೀಡಿ ಕುಳಿತ ಮೇಲೆಯೇ ನಾಳೆ ಗೋವಾದಲ್ಲಿ ವಿಮಾನ ಹತ್ತಬೇಕೆಂದು ನೆನಪು ಮಾಡಿಕೊಳ್ಳುವ ಜನ. ಗಾಡಿ ನಸುಕಿಗೇ ಬೇಕು. ನನಗೆ ಕತ್ತಲಲ್ಲಿ ಎದುರು ಗಾಡಿಯ ಬೆಳಕು ಬಿದ್ದರೆ ರಸ್ತೆಯೇ ಕಾಣುವುದಿಲ್ಲ. ಹಾಗಾಗಿ ನಸುಕಿನ ಬಾಡಿಗೆಗಳೆಲ್ಲ ನಿನ್ನವು. ನಿನ್ನ ಮನೆಯಲ್ಲಿ ಫೋನಿರಲಿಲ್ಲ, ಅದಕ್ಕೆ ಗಿರಾಕಿಯ ಫೋನು ಬರುವವರೆಗೆ ನೀನು ನನ್ನ ಮನೆಯಲ್ಲೇ ಕಾಯಬೇಕು, ಬಂದ ಮೇಲೆ ಅಲ್ಲೇ ಮಲಗಬೇಕು. ನೀನು ಮದುವೆಯಾಗುವವರೆಗೆ ಇದು ಯಾರಿಗೂ ತೊಂದರೆಯಾಗಿರಲಿಲ್ಲ. ನಾನು ಬಂಗಡೆ ಸಾರು ಮಾಡುತ್ತಿದ್ದೆ, ನೀನು ಎರಡು ಸಲ ಬಡಿಸಿಕೊಂಡು ಆಮೇಲೆ ಕೊಂಕು ತೆಗೆದು ಹೆಸರಿಡುತ್ತಿದ್ದೆ. "ದಾದಾ, ನಿಮ್ಮ ಸಾರಿಗೆ ಉಪ್ಪು ಹಾಕ್ದವ್ರು ಬೇರೆ, ಖಾರ ಹಾಕ್ದವ್ರು ಬೇರೆ ಕಾಣ್ತದೆ!"

ನಿನ್ನ ಮದುವೆಯ ಹಿಂದಿನ ಮಳೆಗಾಲದಲ್ಲಿ ನನ್ನ ಆಯಿ ತೀರಿಕೊಂಡಳು. ಮದುವೆಯ ವಯಸ್ಸು ದಾಟಿದ ಮಗನನ್ನು ಬೈಯುತ್ತಲೇ ಸಾಕಿದವಳು. ಆ ಬೈಗಳೂ ನಿಂತ ಮೇಲೆ ಮನೆ ಹೇಗಾಯಿತೆಂದು — ಬಿಡು. ಒಂದು ಮಾತು ಹೇಳುತ್ತೇನೆ, ನಗಬೇಡ. ಸಂಜೆಯಾದರೆ ಆಯಿಯ ಕೋಣೆಯ ದೀಪ ಹಾಕಿ ಬಂದು ಹೊರಗೆ ರಸ್ತೆಯಲ್ಲಿ ನಿಂತು ನೋಡುತ್ತಿದ್ದೆ. ಹೋಗಿಬರುವವರಿಗೆ ಒಳಗೆ ಯಾರೋ ಇದ್ದಾರೆಂದು ಕಾಣಲಿ ಎಂದು. ನೀನು ಬಂದ ದಿನ ಮಾತ್ರ ಹಾಗೆ ಮಾಡುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಿನ್ನ ಮದುವೆ. ಹುಡುಗಿ ಸವಿತಾ, ಮಿರ್ಜಾನ ಕಡೆಯವಳು. ನಾನೇ ಜೀಪಿಗೆ ಹೂವು ಕಟ್ಟಿದೆ, ಮುಂದಿನ ಸಾಲಿನಲ್ಲಿ ಕುಳಿತು ಅಕ್ಷತೆ ಹಾಕಿದೆ, ಹೊಟ್ಟೆ ತುಂಬ ಉಂಡೆ. ಮನಸ್ಸಿನಲ್ಲಿ ಇದ್ದದ್ದು ಹೊಟ್ಟೆಕಿಚ್ಚಲ್ಲ ಬೀರಣ್ಣ, ಹೆದರಿಕೆ. ಇನ್ನು ಇವನು ಸಂಜೆಗೆ ಊರಿಗೆ ಓಡುತ್ತಾನೆ ಎನ್ನುವ ಹೆದರಿಕೆ.

ಓಡಲೇಬೇಕಲ್ಲ. ಹೊಸ ಹೆಂಡತಿ ಹಟ್ಟಿಕೇರಿಯಲ್ಲಿ ನಿನ್ನ ತಾಯಿಯ ಜೊತೆ. ನೀನು ವಾರದಲ್ಲಿ ಐದು ದಿನ ಹಬ್ಬುವಾಡದಲ್ಲಿ ನನ್ನ ಜೊತೆ. ಆಗಲೇ ನಮ್ಮ ಕಡೆ ಮೊಬೈಲು ಬಂದದ್ದು. ನೀನು ಎಷ್ಟು ಕುಣಿದೆ! ಯಾವ ಕಂಪನಿಯದು ತೆಗೆದುಕೊಳ್ಳುವುದೆಂದು ಇಬ್ಬರೂ ಜಗಲಿಯಲ್ಲಿ ಕುಳಿತು ಮಾತಾಡಿದೆವು. ಎರಡು ಕಂಪನಿಗಳಿದ್ದವು. ಒಂದರ ಟವರು ಕಾರವಾರ ಪೇಟೆಯ ನಡುವೆ, ಇನ್ನೊಂದರದು ಅವರ್ಸಾದ ಹತ್ತಿರ ಹೆದ್ದಾರಿಯ ಮೇಲೆ. ಪೇಟೆ ಕಂಪನಿ, ಹೆದ್ದಾರಿ ಕಂಪನಿ ಎಂದು ನಾವೇ ಹೆಸರಿಟ್ಟೆವು. ಹೆದ್ದಾರಿ ಕಂಪನಿ ಹಬ್ಬುವಾಡದಲ್ಲೂ ತಕ್ಕಮಟ್ಟಿಗೆ ಸಿಗುತ್ತಿತ್ತು. ಇಬ್ಬರದೂ ಒಂದೇ ಕಂಪನಿಯಾಗಬೇಕಿತ್ತು, ಇಲ್ಲದಿದ್ದರೆ ನಾವು ನಾವೇ ಮಾತಾಡಿಕೊಳ್ಳಲು ಕೈ ಸುಡುತ್ತಿತ್ತು. ನೀನು ಕೇಳಿದ್ದು ಒಂದೇ.

"ಯಾವ ಕಂಪನಿ ಆದ್ರೂ ಅಡ್ಡಿಲ್ಲ ದಾದಾ. ಹಟ್ಟಿಕೇರಿಲಿ ಸಿಗೂದು ಒಂದ್ ನೋಡಿ. ನೀವು ಇಲ್ಲಿಂದ ಫೋನ್ ಮಾಡಿ ಹೇಳಿದ್ರೆ ಸಾಕು, ನಾ ನಸುಕಿಗೆ ಮನಿಂದ್ಲೇ ಹೊರಡ್ತೆ."

ನೋಡಿ ಬರುವ ಕೆಲಸ ನನ್ನ ಮೇಲೆ ಬಿತ್ತು. ಎರಡೂ ಕಂಪನಿಯ ಅಂಗಡಿಯವರು ಪರೀಕ್ಷೆಗೆಂದು ಒಂದೊಂದು ಸಿಮ್ ಕೊಟ್ಟರು, ಒಬ್ಬರು ಹಾಕಿ ನೋಡಲು ಮೊಬೈಲನ್ನೂ ಕೊಟ್ಟರು. ಭಾನುವಾರ, ನೀನು ಹುಬ್ಬಳ್ಳಿಯ ಬಾಡಿಗೆಗೆ ಹೋಗಿದ್ದಾಗ, ನಾನು ವ್ಯಾನು ತೆಗೆದುಕೊಂಡು ಹೊರಟೆ. ಪೇಟೆ ಕಂಪನಿಯ ಗೆರೆಗಳು ಬಿಣಗಾ ಘಾಟಿ ದಾಟುವಷ್ಟರಲ್ಲಿ ಒಂದೊಂದಾಗಿ ಬಿದ್ದುಹೋದವು. ಹಟ್ಟಿಕೇರಿಯಲ್ಲಿ ಏನೂ ಇಲ್ಲ. ಆಗ ನನಗೆ — ಇದನ್ನು ಬರೆಯಲೇಬೇಕು — ಸಮಾಧಾನವಾಯಿತು. ಎರಡನೆಯದೂ ಹೀಗೇ ಇರಲಿ ಎಂದು ದೇವರನ್ನು ಕೇಳಿಕೊಂಡೆ. ಪಾಲುದಾರನ ಕೆಲಸಕ್ಕೆ ಹೋದವನು, ಅದು ಕೆಡಲಿ ಎಂದು ಬೇಡಿಕೊಂಡೆ.

ನಿನ್ನ ಅಂಗಳದಲ್ಲಿ ಕುಳಿತು ಮೊಬೈಲಿನ ಬೆನ್ನು ಬಿಚ್ಚಿ, ಬ್ಯಾಟರಿ ತೆಗೆದು, ಎರಡನೆಯ ಸಿಮ್ ಹಾಕಿದೆ. ಸವಿತಾ ಮುರುಗಲ ಪಾನಕ ತಂದುಕೊಟ್ಟು ಅಲ್ಲೇ ಕಂಬಕ್ಕೆ ಒರಗಿ ನಿಂತಳು. ಮೊಬೈಲಿನ ದೀಪ ಹತ್ತಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಗೆರೆಗಳು ಒಂದರ ಪಕ್ಕದಲ್ಲಿ ಒಂದು ಎದ್ದು ನಿಂತವು, ಪೂರ್ತಿ.

"ದಾದಾ, ಸಿಗ್ತದ್ಯಾ?" ಎಂದು ಕೇಳಿದಳು. "ಸಿಕ್ರೆ ದಿನಾ ಸಂಜಿಗೆ ಮನಿಗೆ ಬತ್ತೆ ಅಂದಿದ್ರು ಇವ್ರು."

ಅವಳ ಮುಖ ನೋಡಿದೆ. ನೋಡದೆ ಹೇಳಿದ್ದರೆ ಬೇರೆ ಮಾತು. ನಾನು ನೋಡಿಯೇ ಹೇಳಿದೆ. ಮೊಬೈಲನ್ನು ಅಂಗಿಯ ಕಿಸೆಗೆ ಹಾಕಿಕೊಂಡು, "ಇಲ್ಲ ತಂಗಿ, ಎರಡೂ ಸಿಗುದಿಲ್ಲ ಇಲ್ಲಿ" ಎಂದೆ.

ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಹಾಗೆ ಹೇಳಬೇಕೆಂದು ಮನೆಯಿಂದಲೇ ಹೊರಟಿದ್ದೆನೋ, ಆ ಗಳಿಗೆಯಲ್ಲಿ ಬಾಯಿಗೆ ಬಂತೋ — ಎಷ್ಟು ಸಲ ಕೇಳಿಕೊಂಡರೂ ಉತ್ತರ ಸಿಕ್ಕಿಲ್ಲ. ಸಿಕ್ಕಿದರೂ ಏನು ಬದಲಾಗುತ್ತದೆ? ಮರುದಿನ ನಿನಗೂ ಅದೇ ಸುಳ್ಳು ಹೇಳಿದೆ. ಹಾಗಿದ್ದ ಮೇಲೆ ಪೇಟೆಯಲ್ಲಿ ಚೆನ್ನಾಗಿ ಸಿಗುವ ಕಂಪನಿಯನ್ನೇ ತೆಗೆದುಕೊಳ್ಳೋಣ ಎಂದೆ. ನೀನು ತಲೆ ಕೆರೆದುಕೊಂಡು, "ಆಯ್ತು ಬಿಡಿ, ನಮ್ಮೂರ ಹಣೆಬರಹವೇ ಅಷ್ಟು" ಎಂದೆ. ನನ್ನ ಮಾತನ್ನು ಇನ್ನೊಮ್ಮೆ ಪರೀಕ್ಷಿಸಬೇಕೆಂದು ನಿನಗೆ ಹೊಳೆಯಲೇ ಇಲ್ಲ. ಹೊಳೆಯುವುದಿಲ್ಲವೆಂದು ನನಗೆ ಗೊತ್ತಿತ್ತು.

ನಾನು ಎಷ್ಟು ಚುರುಕಾದೆ ನೋಡು. ಎರಡೇ ದಿನದಲ್ಲಿ ಪೇಂಟರನನ್ನು ಕರೆಸಿ ಎರಡೂ ಗಾಡಿಗಳ ಹಿಂದೆ ದೊಡ್ಡ ಅಕ್ಷರದಲ್ಲಿ ನಮ್ಮಿಬ್ಬರ ಮೊಬೈಲ್ ನಂಬರು ಬರೆಸಿದೆ. ಕಾರ್ಡು ಮಾಡಿಸಿ ಮಲ್ಲಾಪುರದ ಕೈಗಾ ಟೌನ್‌ಶಿಪ್ಪಿನಲ್ಲಿ ಮನೆ ಮನೆಗೆ ಹಂಚಿಸಿದೆ. ನಮ್ಮ ದಾದಾ ವ್ಯವಹಾರದಲ್ಲಿ ಗಟ್ಟಿ ಎಂದು ನೀನು ಎಲ್ಲರ ಹತ್ತಿರ ಹೊಗಳಿಕೊಂಡು ತಿರುಗಿದೆ. ಆಗಿನ ಕಾಲದಲ್ಲಿ ಕಂಪನಿ ಬಿಟ್ಟರೆ ನಂಬರೂ ಬಿಟ್ಟ ಹಾಗೆ. ನಂಬರು ಊರಿಗೆಲ್ಲ ಗೊತ್ತಾಗಿಬಿಟ್ಟರೆ ನೀನು ಬದಲಾಯಿಸು ಅನ್ನಲಾರೆ — ಈ ಲೆಕ್ಕ ನನ್ನ ತಲೆಯಲ್ಲಿತ್ತು.

ಒಂದು ವರ್ಷವಾದ ಮೇಲೆ ನೀನು ಆ ಮಾತು ಅಂದೂ ಬಿಟ್ಟೆ. ನಿನ್ನ ಪಕ್ಕದ ಮನೆಯ ಮಾಸ್ತರರು ಹೆದ್ದಾರಿ ಕಂಪನಿಯ ಮೊಬೈಲು ತಂದಿದ್ದರು.

"ದಾದಾ, ಅವ್ರು ಒಲೆ ಮುಂದೆ ಕೂತ್ಕಂಡೂ ಮಾತಾಡ್ತ್ರು! ನಾವೂ ಅದ್ನೇ ತಕಂಬಾ?"

"ಈಗ ಟವರಿಗೆ ಹೊಸತೇನಾದ್ರೂ ಹಾಕಿರಬೇಕು" ಎಂದೆ, ಕಣ್ಣು ಮಿಟುಕಿಸದೆ. "ಆದ್ರೆ ನಂಬರ್ ಹೋದ್ರೆ ಗಿರಾಕಿ ಹೋಯ್ತಲ್ಲ ಮಾರಾಯ. ನೀನೇ ವಿಚಾರ ಮಾಡು."

ನೀನು ವಿಚಾರ ಮಾಡಿದೆ. ಗಾಡಿಯ ಹಿಂಭಾಗವನ್ನು ಸ್ವಲ್ಪ ಹೊತ್ತು ನೋಡಿದೆ. ಹೌದು, ಅದೂ ನಿಜ ಎಂದೆ. ಅಂದು ಸಂಜೆ ಸಾರಿಗೆ ಹೆಸರಿಡದೆ ಊಟ ಮಾಡಿದೆ.

ಅಷ್ಟು ಹೊತ್ತಿಗೆ ನಿನ್ನ ಮನೆಯಲ್ಲಿ ಮಾತು ಬೇರೆ ದಾರಿ ಹಿಡಿದಿತ್ತು. ವಾರಕ್ಕೆ ಐದು ದಿನ ಪೇಟೆಯಲ್ಲಿ ಉಳಿಯುವ ಗಂಡಸಿಗೆ ಅಲ್ಲಿ ಇನ್ನೊಂದು ಮನೆ ಇದ್ದೇ ಇರುತ್ತದೆ ಎಂದು ಯಾರೋ ತಮಾಷೆಗೆ ಸವಿತಾಳ ಕಿವಿಗೆ ಹಾಕಿದ್ದರು. ಆಡಿದವರು ಮರೆತರು, ಕೇಳಿದವಳು ಮರೆಯಲಿಲ್ಲ. ನೀನು ಆಣೆ ಹಾಕಿದೆ. ಅವಳು ನಂಬಲಿಲ್ಲ. ನೀವು ಜಗಳಾಡಿದ್ದನ್ನು ಮರುದಿನ ನನಗೇ ಬಂದು ಹೇಳುತ್ತಿದ್ದೆ, ನಾನು ನಿನಗೇ ಸಮಾಧಾನ ಹೇಳುತ್ತಿದ್ದೆ.

ನಿನಗೆ ಗೊತ್ತಿಲ್ಲದ್ದು ಈಗ ಬರುತ್ತದೆ. ಒಂದು ಮಧ್ಯಾಹ್ನ ಅವಳು ಬಸ್ಸು ಹಿಡಿದು ಒಬ್ಬಳೇ ಹಬ್ಬುವಾಡಕ್ಕೆ ಬಂದಳು. ನೀನು ಬಾಡಿಗೆಗೆ ಹೋಗಿದ್ದೆ. ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು ಒಳಗೆಲ್ಲ ನೋಡಿದಳು. ಗೋಡೆಯ ಬದಿಗೆ ಸುತ್ತಿಟ್ಟ ಎರಡು ಚಾಪೆ, ತೊಳೆದು ಬೋರಲು ಹಾಕಿದ ಎರಡು ಬಟ್ಟಲು.

"ದಾದಾ, ಇವ್ರಿಗೆ ಇಲ್ಲಿ ಯಾರಾರೂ ಇದ್ರೆ ಹೇಳಿಬಿಡಿ" ಎಂದಳು. "ನಾ ಜಗಳ ಮಾಡುದಿಲ್ಲ. ನಂಗೆ ಗೊತ್ತಾದ್ರೆ ಸಾಕು."

ಹೇಳಬೇಕಿತ್ತು. ಇಲ್ಲಿ ಇರುವುದು ನಾನು, ಅವನನ್ನು ಹಿಡಿದಿಟ್ಟವನು ನಾನು, ಅಂದು ನಿನ್ನ ಅಂಗಳದಲ್ಲಿ ಸಿಗ್ನಲ್ ಇತ್ತು — ಇಷ್ಟು ಹೇಳಿದ್ದರೆ ಅವಳು ನನ್ನ ಮುಖಕ್ಕೆ ಉಗಿದು ನಿನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಆ ಮಾತು ಬಾಯಿಯವರೆಗೆ ಬಂತು, ಅಲ್ಲಿ ತಡೆಯಿತು. ಕೊನೆಗೆ ಬಂದದ್ದು, "ಛೆ, ಹಾಗೇನೂ ಇಲ್ಲ ತಂಗಿ. ಧಂದೆ ಅಂದ್ರೆ ಹೀಗೇ" ಎಂಬ ಮಾತು. ಆದರೆ ಅದು ತಡವಾಗಿ ಬಂತು. ನಾನು ಸುಮ್ಮನಿದ್ದ ಆ ಗಳಿಗೆಯನ್ನೇ ಅವಳು ಉತ್ತರವೆಂದು ತಿಳಿದಳು. ದಾದಾ ಗೆಳೆಯನ ಗುಟ್ಟು ಮುಚ್ಚುತ್ತಿದ್ದಾರೆ ಎಂದುಕೊಂಡಳು. ನನಗೆ ಅದು ಅವಳ ಮುಖದಲ್ಲೇ ಕಂಡಿತು. ಕಂಡೂ ಅವಳನ್ನು ಹೋಗಲು ಬಿಟ್ಟೆ.

ಆ ವಾರವೇ ಅವಳು ಮಿರ್ಜಾನಿನ ತವರಿಗೆ ಹೋದದ್ದು. ನೀನು ಎರಡು ಸಲ ಕರೆಯಲು ಹೋದೆ. ಮೂರನೆಯ ಸಲ ಹಿರಿಯರ ಜೊತೆ ನನ್ನನ್ನೂ ಕರೆದುಕೊಂಡು ಹೋದೆ — ನನ್ನನ್ನು! ಅವರ ಜಗಲಿಯಲ್ಲಿ ಕುಳಿತು, ಬೀರಣ್ಣ ಬಂಗಾರದಂಥ ಹುಡುಗ ಎಂದು ನಾನು ಸಾಕ್ಷಿ ಹೇಳಿದೆ. ಸವಿತಾ ಒಳಗಿನಿಂದ ಹೊರಗೆ ಬರಲಿಲ್ಲ. ಸೋಡಚೀಟಿ ಆಯಿತು, ಮದುವೆ ಹರಿಯಿತು. ಈಗ ಅವಳಿಗೆ ಕುಮಟಾ ಕಡೆ ಬೇರೆ ಸಂಸಾರವಿದೆ, ಮಕ್ಕಳಿದ್ದಾರೆ ಎಂದು ಕೇಳಿದ್ದೇನೆ. ಚೆನ್ನಾಗಿರಲಿ.

ನಿನ್ನ ತಾಯಿ ಹೋದ ಮೇಲೆ ನೀನು ಹಟ್ಟಿಕೇರಿಯ ಮನೆಯನ್ನು ತಮ್ಮನಿಗೆ ಬಿಟ್ಟು ನನ್ನಲ್ಲಿಗೇ ಬಂದೆ. ನಾನು ಬೇಡಿದ್ದೆಲ್ಲ ನನಗೆ ಸಿಕ್ಕಿತು. ದಿನಾ ಸಂಜೆ ನೀನು ಬರುತ್ತೀಯೆ, ಚಪ್ಪಲಿ ಬಿಡುತ್ತೀಯೆ, ಟೀವಿ ಹಾಕುತ್ತೀಯೆ. ಆದರೂ ಬೀರಣ್ಣ, ಆಯಿ ಸತ್ತ ಆ ಮಳೆಗಾಲದಲ್ಲಿ ನಾನು ಇಷ್ಟು ಒಂಟಿಯಾಗಿರಲಿಲ್ಲ. ಆಗ ಮನೆಯಲ್ಲಿ ಯಾರೂ ಇರಲಿಲ್ಲ, ಅಷ್ಟೇ. ಈಗ ನೀನು ಪಕ್ಕದಲ್ಲೇ ಕುಳಿತಿರುತ್ತೀಯೆ, ಮತ್ತು ನಾನು ನಿನ್ನ ಜೊತೆ ಒಂದು ಮಾತನ್ನೂ ಮನಸ್ಸು ಬಿಚ್ಚಿ ಆಡಲಾರೆ. ಉಂಡ ಮನೆಗೆ ಎರಡು ಬಗೆಯುವವರನ್ನು ಊರು ಬೈಯುತ್ತದೆ. ಊಟ ಹಾಕಿ ಮನೆ ಮುರಿದವನಿಗೆ ಏನನ್ನಬೇಕೆಂದು ನನಗೆ ತಿಳಿಯದು.

ನಾನು ಸುಮ್ಮನೇ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಮೊನ್ನೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಆ ಹೊಸ ಡ್ರೈವರು ನಿನ್ನನ್ನು ಕೇಳಿದ, ಇನ್ನೂ ವಯಸ್ಸಿದೆಯಲ್ಲ, ಇನ್ನೊಂದು ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು. ನಾನು ಹಿಂದೆಯೇ ನಿಂತಿದ್ದೆ. ನೀನು ನಗುತ್ತಲೇ ಹೇಳಿದೆ: "ನಂಗೆ ಹೆಂಡ್ತಿ ಬಾಳ್ಸೂಕೆ ಬರುದಿಲ್ಲ ಮಾರಾಯ. ಒಬ್ಳನ್ನ ಅಳ್ಸಿದ್ದೇ ಸಾಕು."

ನಗುತ್ತ ಹೇಳಿದ್ದಾದರೂ ಅದು ತಮಾಷೆಯಲ್ಲ. ನೀನು ಅದನ್ನು ನಂಬಿದ್ದೀಯೆ. ನಾನು ನಿನ್ನ ಸಂಜೆಗಳನ್ನು ಕದ್ದೆ ಎಂದಷ್ಟೇ ತಿಳಿದಿದ್ದೆ. ನಿನ್ನ ಬಗ್ಗೆ ನಿನಗಿದ್ದ ಒಳ್ಳೆಯ ಅಭಿಪ್ರಾಯವನ್ನೂ ತೆಗೆದುಕೊಂಡೆ ಎಂದು ಅಂದೇ ಗೊತ್ತಾದದ್ದು. ಅವಳನ್ನು ಅಳಿಸಿದ್ದು ನೀನಲ್ಲ. ನೀನು ಮನೆಗೆ ಹೋಗಬೇಕೆಂದೇ ಮೊಬೈಲು ಕೇಳಿದವನು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯೆ, ಅದು ಇನ್ನೊಂದು ಮೋಸವಾಗುತ್ತದೆ. ಸವಿತಾಳಿಗೂ ನಿಜ ತಿಳಿಯಬೇಕೋ ಬೇಡವೋ, ಅದನ್ನು ನೀನು ಹೇಳಬೇಕು. ತಿಳಿಸು ಎಂದರೆ ಅವಳ ಮನೆಯ ಬಾಗಿಲಲ್ಲಿ ನಿಂತು ನಾನೇ ಹೇಳುತ್ತೇನೆ.

ನೀನು ಇವತ್ತು ಗೋವಾದ ಬಾಡಿಗೆಗೆ ಹೋಗಿದ್ದೀಯೆ, ಸಂಜೆಗೆ ಬರುತ್ತೀಯೆ. ಬಂದ ಕೂಡಲೇ ಎದುರು ಕೂರಿಸಿಕೊಂಡು ಹೇಳುತ್ತೇನೆ. ಊಟಕ್ಕೆ ಮೊದಲೇ ಹೇಳುತ್ತೇನೆ. ನನ್ನ ಕೈಯ ಅನ್ನ ಉಂಡ ಮೇಲೆ ಎದ್ದು ಹೋಗಲು ನಿನಗೆ ಮನಸ್ಸು ಬಾರದು — ನಿನ್ನನ್ನು ನಾನು ಬಲ್ಲೆ — ಅದೊಂದನ್ನು ಇನ್ನು ಮುಂದೆ ನನ್ನ ಲಾಭಕ್ಕೆ ಬಳಸಿಕೊಳ್ಳಲಾರೆ.