ನೀನು ಹೇಳಿದ್ದೆ, ಶ್ರೀಶ

ಶ್ರೀಶ, ನೀನು ನನಗೆ ಹೇಳಿದ್ದೆ. ನಾನು ಕೇಳಿಸಿಕೊಂಡಿದ್ದೆ. ಆಮೇಲೆ ಎಲ್ಲರೆದುರು, ಇವನು ಹೇಳೇ ಇಲ್ಲ ಎಂದೆ. ಗಾಬರಿಯಲ್ಲಿ ಬಾಯಿ ತಪ್ಪಿದ್ದಲ್ಲ, ಮರೆತದ್ದೂ ಅಲ್ಲ — ಯೋಚಿಸಿ, ಮಾತು ಜೋಡಿಸಿ, ಸಣ್ಣಗೆ ನಗುತ್ತಾ ಹೇಳಿದ ಸುಳ್ಳು ಅದು.

ಇದು ನಿನಗೆ ಹೊಸ ಸುದ್ದಿಯಲ್ಲ. ಸುಳ್ಳು ಹೇಳಿದವಳು ನಾನು, ಪೆಟ್ಟು ತಿಂದವನು ನೀನು. ನಮ್ಮಿಬ್ಬರಿಗೂ ಅಂದೇ ಗೊತ್ತಿತ್ತು. ಗೊತ್ತಿಲ್ಲದವರು ಮಿಕ್ಕವರು. ಅವರಿಗಾಗಿ, ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ. ಬರೆಯುವಾಗ ನನ್ನ ಬಗ್ಗೆ ನನಗೇ ಮೈಯೆಲ್ಲ ಉರಿಯುತ್ತದೆ, ಉರಿಯಲಿ.

ನಮ್ಮದು ಅಂಬತ್ತೂರಿನ ಒಂದು ಸಣ್ಣ ಕಂಪನಿ. ಹೋಟೆಲಿನವರು ಫೋನಿನಲ್ಲೇ ತರಕಾರಿ, ಹಾಲು, ತೆಂಗಿನಕಾಯಿ ತರಿಸಿಕೊಳ್ಳುವ ಆ್ಯಪ್ ಮಾಡುತ್ತಿದ್ದೆವು. ನಾನು ಹಾಸನದವಳು, ಕೆಲಸಕ್ಕೆಂದು ಚೆನ್ನೈಗೆ ಬಂದು ಮಾಧವರಂನಲ್ಲಿ ಮನೆ ಮಾಡಿದವಳು. ಆ ತಂಡಕ್ಕೆ ನಾನೇ ಲೀಡ್. ನೀನು ಪುರಸೈವಾಕ್ಕಂನಲ್ಲಿ ಹುಟ್ಟಿ ಬೆಳೆದವನು. ಕುಂದಾಪುರದ ಕಡೆಯಿಂದ ನಿನ್ನ ಅಜ್ಜ ಬಂದು ಹಾಕಿದ ಹೋಟೆಲನ್ನು ನಿನ್ನಪ್ಪ ನಡೆಸುತ್ತಿದ್ದರು. ಮನೆಯಲ್ಲಿ ಮೊದಲ ಬಾರಿಗೆ ಗಲ್ಲಾ ಬಿಟ್ಟು ಕಂಪ್ಯೂಟರಿನ ಮುಂದೆ ಕೂತವನು ನೀನು. ತಂಡದಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಮಿಕ್ಕವರೆಲ್ಲ ನನ್ನನ್ನು ಮೇಡಂ ಎನ್ನುವಾಗ ನೀನೊಬ್ಬ ಅಕ್ಕ ಎಂದೆ.

ಆ ಅಕ್ಕ ನಿನಗೆ ಏನು ಮಾಡಿದಳು? ಮೊದಲ ವಾರವೇ ನಿನ್ನ ಕನ್ನಡವನ್ನು ಆಡಿಕೊಂಡಳು. ಅರ್ಧ ಕುಂದಾಪುರ, ಅರ್ಧ ತಮಿಳು, ಇದ್ಯಾವ ಭಾಷೆಯೋ ಎಂದಳು. ನೀನು ನಕ್ಕೆ. ನಿನಗೆ ತಮಿಳೇ ಸಲೀಸು, ಕನ್ನಡದಲ್ಲಿ ಪದ ಹುಡುಕುತ್ತಿದ್ದೆ. ಆದರೂ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದೆ. ನನಗೆ ಅದು ಒಳಗೊಳಗೆ ಇಷ್ಟವೂ ಆಗುತ್ತಿತ್ತು. ಇಷ್ಟವಾದದ್ದನ್ನು ಇಷ್ಟ ಎಂದು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತೋ.

ಇನ್ನು ರಿವ್ಯೂ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ ತಪ್ಪು ತಿದ್ದುವುದು ನಮ್ಮಲ್ಲಿ ಎಲ್ಲ ಕಡೆಯ ಪದ್ಧತಿ. ನಾನು ಅದನ್ನು ತಮಾಷೆ ನೋಡುವ ಪಂಚಾಯಿತಿ ಮಾಡಿಟ್ಟಿದ್ದೆ. ಮೀಟಿಂಗ್ ರೂಮಿನ ದೊಡ್ಡ ಟೀವಿಯ ಮೇಲೆ ಕೋಡ್ ಹಾಕಿ, ಬರೆದವನನ್ನು ಪಕ್ಕದಲ್ಲಿ ನಿಲ್ಲಿಸಿ, ಸಾಲು ಸಾಲು ಹರಿದು ಹಾಕುತ್ತಿದ್ದೆ. ಇದನ್ನು ಬರೆಯುವಾಗ ನಿದ್ದೆ ಮಾಡುತ್ತಿದ್ದೆಯಾ? ಕಾಲೇಜಿಗೆ ಹೋಗಿದ್ದೆಯಾ, ಇಲ್ಲ ಬಸ್‌ಸ್ಟ್ಯಾಂಡಿನಲ್ಲೇ ಕೂತಿದ್ದೆಯಾ? ಉಳಿದವರು ನಗುತ್ತಿದ್ದರು — ಇವತ್ತು ತಮ್ಮ ಸರದಿಯಲ್ಲವಲ್ಲ ಎಂಬ ನಗು ಅದು. ನಮ್ಮ ಮ್ಯಾನೇಜರ್ ಸುಂದರ್ ಸಾರ್ ಬಾಗಿಲಲ್ಲಿ ನಿಂತು ನೋಡಿ, ಸುಧಾಗೆ ಕೆಲಸದ ಮೇಲೆ ಅಷ್ಟು ಪ್ರೀತಿ, ಅದಕ್ಕೇ ಸಿಟ್ಟು, ಎಂದು ಹೊರಟುಹೋಗುತ್ತಿದ್ದರು. ಪ್ರೀತಿಯಂತೆ! ದುರಹಂಕಾರಕ್ಕೆ ಇಷ್ಟು ಚೆಂದದ ಹೆಸರಿಟ್ಟವರ ಮೇಲೆ ಇವತ್ತು ನನಗೆ ಕೋಪ ಬರುತ್ತದೆ. ಆದರೆ ಅಂದು ಆ ಹೆಸರನ್ನು ತಲೆಯ ಮೇಲೆ ಹೊತ್ತು ಮೆರೆದವಳು ನಾನೇ ತಾನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಗಂಡಸರ ಮಧ್ಯೆ ಒಬ್ಬಳೇ ಹೆಂಗಸು, ನನ್ನ ಮಾತನ್ನು ಅರ್ಧಕ್ಕೇ ತುಂಡರಿಸುತ್ತಿದ್ದರು, ಆದ್ದರಿಂದ ಗಟ್ಟಿ ದನಿ ಕಲಿತೆ — ಹೀಗೆ ಬರೆಯಬಹುದು. ನಿಜವೂ ಹೌದು. ಆದರೆ ನನ್ನ ಮಾತು ತುಂಡರಿಸಿದವನು ನೀನಲ್ಲವಲ್ಲ, ಶ್ರೀಶ. ಅವರ ಮೇಲಿನ ಸಿಟ್ಟನ್ನು ನಿನ್ನ ಮೇಲೆ... ಬೇಡ. ಆ ದಾರಿ ಹಿಡಿದರೆ ನೆಪಗಳಿಗೆ ಕೊನೆಯಿರುವುದಿಲ್ಲ.

ದೀಪಾವಳಿಯ ಮುಂಚಿನ ವಾರ. ಪುರಸೈವಾಕ್ಕಂನಲ್ಲಿ ಬಟ್ಟೆ ಕೊಳ್ಳಲು ಬಂದ ಜನ ಹೋಟೆಲುಗಳಿಗೆ ಮುಗಿಬೀಳುವ ಸಮಯ. ಆರ್ಡರ್ ತೆಗೆದುಕೊಳ್ಳುವ ಭಾಗವನ್ನು ನಾನೇ ಹೊಸದಾಗಿ ಬರೆದಿದ್ದೆ, ಮೊದಲಿಗಿಂತ ಬಹಳ ವೇಗ. ಅದನ್ನು ಪರೀಕ್ಷಿಸುವ ಕೆಲಸ ನಿನ್ನದು. ಟೀವಿಯ ಮೇಲೆ ಅಂದು ಇದ್ದದ್ದು ನನ್ನ ಕೋಡು. ಹಾಗಾಗಿ ಹರಿದುಹಾಕುವ ಮಾತೇ ಇಲ್ಲ, ಎಲ್ಲರೂ ಭೇಷ್ ಎನ್ನುತ್ತಿದ್ದರು. ನೀನು ಕುರ್ಚಿಯನ್ನು ಮೆಲ್ಲಗೆ ನನ್ನ ಪಕ್ಕಕ್ಕೆ ಸರಿಸಿ, ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದೆ:

"ಅಕ್ಕ, ಹೀಂಗೇ ಬಿಟ್ರೆ ಒಂದೇ ಆರ್ಡರ್ ಎರಡೆರಡ್ ಸಲ ಹೋತ್ತ್. ನಮ್ಮ ಹೋಟ್ಲಲ್ಲೇ ಕಂಡಿದೆ, ಸಿಗ್ನಲ್ ಇಲ್ದಿದ್ರೆ ತಿರುಂಬ ತಿರುಂಬ ಬಟನ್ ಒತ್ತತ್ರ್. ನಾಳೆ ಬಿಡುದ್ ಬ್ಯಾಡ ಅಕ್ಕ."

ನೀನು ಹೇಳಿದ್ದು ಸರಿಯಾಗಿತ್ತು. ಬಂದ ಆರ್ಡರ್ ಮೊದಲೇ ಬಂದದ್ದೇ ಎಂದು ನೋಡುವ ಒಂದು ತಪಾಸಣೆಯನ್ನು, ವೇಗಕ್ಕೆ ಅಡ್ಡಿ ಎಂದು, ನಾನೇ ತೆಗೆದುಹಾಕಿದ್ದೆ. ನೀನು ಬಾಯಿ ಬಿಟ್ಟ ಕ್ಷಣವೇ ನನಗೆ ಅರ್ಥವಾಯಿತು. ಅರ್ಥವಾಗದೆ ಬೈದಿದ್ದರೆ ದಡ್ಡಿ ಎಂದಾದರೂ ಅನ್ನಿಸಿಕೊಳ್ಳುತ್ತಿದ್ದೆ. ಅರ್ಥವಾಗಿಯೇ ಹೇಳಿದೆ, ಮತ್ತೆ ಎನ್ನುವಲ್ಲಿ ನಿನ್ನ ಬಾಯಿಗೆ ಬಂದ ತಮಿಳಿನ ತಿರುಂಬವನ್ನೇ ಅಣಕಿಸಿ:

"ತಿರುಂಬ ತಿರುಂಬ ನನ್ನ ತಲೆ ತಿನ್ನಬೇಡ ಕಣೋ. ನಿನಗೆ ಗೊತ್ತಿರೋದು ಇಡ್ಲಿ. ಅದನ್ನ ನೋಡ್ಕೊ."

ನಿನ್ನ ಮುಖ ಕೆಂಪಾಯಿತು. ಕುರ್ಚಿಯನ್ನು ಮತ್ತೆ ಮೊದಲಿನ ಜಾಗಕ್ಕೆ ಸರಿಸಿಕೊಂಡೆ. ಏನಂತೆ ಎಂದು ಎದುರಿಗಿದ್ದ ಅನ್ಬು ತಮಿಳಿನಲ್ಲಿ ಕೇಳಿದ; ಏನೂ ಇಲ್ಲ, ನಮ್ಮೂರ ಮಾತು ಎಂದೆ ನಾನು. ಮಾರನೆಯ ದಿನ ನನ್ನ ಕೋಡು ಹೋಟೆಲಿನವರ ಆ್ಯಪ್‌ಗೆ ಹೋಯಿತು.

ಆದದ್ದು ನೀನು ಹೇಳಿದ್ದೇ. ಹಬ್ಬದ ಒತ್ತಡಕ್ಕೆ ನೆಟ್‌ವರ್ಕ್ ನಿಧಾನವಾಯಿತು, ಹೋಟೆಲಿನವರು ಬಟನನ್ನು ಮತ್ತೆ ಮತ್ತೆ ಒತ್ತಿದರು, ಬೆಳಗಾಗುವಷ್ಟರಲ್ಲಿ ಒಂದೊಂದು ಹೋಟೆಲಿನ ಬಾಗಿಲಿಗೂ ಎರಡು ಮೂರು ಪಟ್ಟು ಟೊಮ್ಯಾಟೊ, ಸೊಪ್ಪು, ಹಾಲು ಬಂದು ಬಿತ್ತು. ಎಷ್ಟೋ ಕಡೆ ಕೊಳೆತುಹೋಯಿತು. ಬೈಗುಳದ ಫೋನುಗಳು ನಿಲ್ಲಲೇ ಇಲ್ಲ. ನಿನ್ನಪ್ಪನ ಹೋಟೆಲಿಗೂ ಹಾಗೇ ಬಂದಿತ್ತಂತೆ. ಅವರು ಮಾತ್ರ ಫೋನ್ ಮಾಡಿ ಬೈಯಲಿಲ್ಲ, ಮಗ ಅಲ್ಲಿ ಕೆಲಸಕ್ಕಿದ್ದಾನೆ ಎಂದು.

ಮಧ್ಯಾಹ್ನ ಸುಂದರ್ ಸಾರ್ ಎಲ್ಲರನ್ನೂ ರೂಮಿಗೆ ಕರೆದರು. ಇಂಥ ಸಭೆಯಲ್ಲಿ ಯಾರ ಮೇಲೂ ಬೆರಳು ತೋರಿಸಬಾರದು ಎಂಬುದು ನಮ್ಮ ಕಂಪನಿಯ ನಿಯಮ. ಗೋಡೆಯ ಮೇಲೆ ಅದನ್ನು ಅಂಟಿಸಿಯೂ ಇದ್ದರು. ಅದರ ಕೆಳಗೇ ಕೂತು, ಪರೀಕ್ಷಿಸಿದವರಿಗೆ ಇದು ಯಾಕೆ ಕಾಣಲಿಲ್ಲ ಎಂದು ಮೊದಲ ಪ್ರಶ್ನೆ ಕೇಳಿದರು. ನಿನ್ನ ಪ್ರೊಬೇಷನ್ ಮುಗಿಯುವುದರಲ್ಲಿತ್ತು. ಕೆಲಸ ಕಾಯಂ ಆಗಬೇಕಾದ ತಿಂಗಳು. ನೀನು ನನ್ನ ಕಡೆ ನೋಡಿದೆ. ನಾನೇ ಹೇಳಲಿ ಎಂದು ಕಾದೆ. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ. ಕೊನೆಗೆ ನೀನೇ, ಅಕ್ಕನಿಗೆ ಅವತ್ತೇ ಹೇಳಿದ್ದೆ, ಇದೇ ರೂಮಿನಲ್ಲಿ, ಕನ್ನಡದಲ್ಲಿ, ಎಂದೆ.

ಎಲ್ಲರೂ ನನ್ನತ್ತ ತಿರುಗಿದರು. ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಹೌದು ಎಂದಿದ್ದರೆ ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ, ಶ್ರೀಶ — ಅದನ್ನು ನೆನೆದರೆ ಈಗಲೂ ನನ್ನ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ. ಹೆಚ್ಚೆಂದರೆ ಒಂದು ಬೈಗುಳ. ಹೋಗುತ್ತಿದ್ದದ್ದು ಎಲ್ಲರಿಗಿಂತ ಬುದ್ಧಿವಂತೆ ಎಂಬ ನನ್ನ ಠೀವಿ. ಅಷ್ಟಕ್ಕೆ, ಅಷ್ಟು ಸಣ್ಣದಕ್ಕೆ...

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಅವತ್ತು ಅವನು ಹೇಳಿದ್ದು ಅದಲ್ಲ, ಅವರ ಹೋಟೆಲಿಗೆ ಊಟಕ್ಕೆ ಬನ್ನಿ ಎಂದು ಕರೆದ.

'ನಮ್ಮ ಹೋಟ್ಲು' ಎಂಬಷ್ಟು ಅಂದು ಎಲ್ಲರ ಕಿವಿಗೂ ಬಿದ್ದಿತ್ತು. ಸುಳ್ಳು ಸರಿಯಾಗಿ ಕೂತಿತು. ಅನ್ಬು ನಕ್ಕ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ಕನ್ನಡದ ಒಂದು ಮಾತಿಗೆ ಆ ರೂಮಿನಲ್ಲಿ ಇದ್ದ ಒಬ್ಬಳೇ ಸಾಕ್ಷಿ ಎದುರು ಪಕ್ಷ ಸೇರಿದ ಮೇಲೆ ನೀನು ಏನು ತಾನೆ ಹೇಳಬಲ್ಲವನಾಗಿದ್ದೆ? ತಪ್ಪು ಮಾಡಿದ್ದಲ್ಲದೆ, ತಪ್ಪಿಸಿಕೊಳ್ಳಲು ಹಿರಿಯರ ಮೇಲೆ ಸುಳ್ಳು ಹೇಳಿದ ಹುಡುಗ — ನಿನಗೆ ಅಂಟಿದ ಹೆಸರು ಇದು. ಕೆಲಸ ಕಾಯಂ ಆಗಲಿಲ್ಲ. ಹೋಗುವ ದಿನ ಎಲ್ಲರಿಗೂ ಹೇಳಿ ಹೋದೆ, ನನ್ನೊಬ್ಬಳನ್ನು ಬಿಟ್ಟು.

ನನಗೇನಾಯಿತು ಗೊತ್ತೇ? ಬಡ್ತಿ. ಕೆಟ್ಟದ್ದನ್ನು ಸರಿಪಡಿಸಿ ಕಂಪನಿಯ ಮಾನ ಉಳಿಸಿದಳು ಎಂದು! ನಾನೇ ತೆಗೆದ ತಪಾಸಣೆಯನ್ನು ನಾನೇ ವಾಪಸು ಹಾಕಿದ್ದಕ್ಕೆ ಚಪ್ಪಾಳೆ ತಟ್ಟಿಸಿಕೊಂಡೆ. ಆಮೇಲಿನ ವರ್ಷಗಳಲ್ಲಿ ಕಂಪನಿ ಬೆಳೆಯಿತು, ಲೀಡ್‌ಗಳ ಅಹಂ ತಗ್ಗಿಸಲು ತರಬೇತಿಗಳು ಶುರುವಾದವು. ಒಬ್ಬ ತರಬೇತುದಾರ ಬಂದು ನಮ್ಮ ಕೈಗೆ ಬಲೂನು ಕೊಟ್ಟು, ಅದರ ಮೇಲೆ 'ನಾನು' ಎಂದು ಬರೆಸಿ, ಸೂಜಿಯಿಂದ ಚುಚ್ಚಿಸಿದ. ಎಲ್ಲರೂ ನಕ್ಕು, ಸಮೋಸ ತಿಂದು, ತಮ್ಮ ತಮ್ಮ ತಂಡಕ್ಕೆ ಹೋಗಿ ಮತ್ತೆ ಕಿರುಚಿದರು. ಈ ವರ್ಷ ಆ ತರಬೇತಿಯನ್ನು ನಡೆಸಿಕೊಡಲು ಕಂಪನಿ ಆರಿಸಿದ್ದು ಯಾರನ್ನು ಎಂದುಕೊಂಡೆ? ನನ್ನನ್ನು. ನಾನು ಒಪ್ಪಿಯೂ ಬಿಟ್ಟಿದ್ದೆ. ನಾಚಿಕೆಯೆಂಬುದು ನನಗೆ ಆಗಲೂ ಬಂದಿರಲಿಲ್ಲ.

ಅದು ಬಂದದ್ದು ಕವಿತಾಳಿಂದ. ಹೊಸದಾಗಿ ನನ್ನ ತಂಡಕ್ಕೆ ಸೇರಿದ ತಮಿಳು ಹುಡುಗಿ, ಮಣಲಿಯವಳು. ಒಂದು ದಿನ ಊಟಕ್ಕೆ ಕೂತಾಗ, ಹಿಂದಿನ ಕಂಪನಿ ಯಾಕೆ ಬಿಟ್ಟೆ ಎಂದು ಕೇಳಿದೆ. ಅಲ್ಲಿಯ ಲೀಡ್ ತಡೆಯಲಾಗದವರು ಎಂದಳು. ಸಣ್ಣ ತಪ್ಪಾದರೂ ಎಲ್ಲರನ್ನೂ ಕರೆದು ನಿಲ್ಲಿಸಿ ಗಟ್ಟಿಯಾಗಿ ಹೇಳುತ್ತಾರೆ, ಒಂದು ಸಲ ತಾನು ಅಲ್ಲೇ ಅತ್ತುಬಿಟ್ಟೆ, ಆಗಲೂ ನಿಲ್ಲಿಸಲಿಲ್ಲ ಎಂದಳು. ಒಬ್ಬಳನ್ನೇ ಕರೆದು ಹೇಳಿ ಸಾರ್ ಎಂದು ಬೇಡಿಕೊಂಡಳಂತೆ. ಅವರು ಒಪ್ಪಲಿಲ್ಲ.

"ತನಿಯಾ ಎದುವುಮೇ ಸೊಲ್ಲಮಾಟ್ಟಾರ್ ಮೇಡಂ. ಗುಟ್ಟಾಗಿ ಹೇಳಿದ್ದನ್ನು ಆಮೇಲೆ ಯಾರೂ ಒಪ್ಪಿಕೊಳ್ಳುವುದಿಲ್ಲ ಅಂತಾರೆ."

ಒಬ್ಬರಿಗೇ ಎಂದು ಏನನ್ನೂ ಹೇಳುವವರಲ್ಲವಂತೆ. ಹೆಸರು ಕೇಳುವ ಮೊದಲೇ ಯಾರೆಂದು ನನಗೆ ಹೊಳೆದಿತ್ತು. ಕೇಳಿದೆ. ನಿನ್ನ ಹೆಸರು ಹೇಳಿದಳು.

ನಿನ್ನ ಕೆಲಸ ಕಸಿದೆ, ಹೆಸರು ಕೆಡಿಸಿದೆ ಎಂಬುದಷ್ಟೇ ನನ್ನ ಲೆಕ್ಕದಲ್ಲಿತ್ತು. ಬೇರೆ ಕೆಲಸ ಸಿಕ್ಕಿರುತ್ತದೆ, ಚೆನ್ನಾಗಿರುತ್ತಾನೆ ಎಂದು ಸಮಾಧಾನವನ್ನೂ ಹೇಳಿಕೊಂಡಿದ್ದೆ. ನಿನ್ನನ್ನು ನಾನು ನನ್ನಂತೆಯೇ ಮಾಡಿ ಬಿಟ್ಟೆನೆಂದು ತಿಳಿದಿರಲಿಲ್ಲ.

ಮೊದಲು ಸುಂದರ್ ಸಾರ್ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಬಂದು, ಹಳೆಯ ಕತೆ, ಈಗ ಕೆದಕಿ ಯಾರಿಗೆ ಲಾಭ, ಬೇಕಿದ್ದರೆ ಅವನಿಗೊಂದು ಫೋನ್ ಮಾಡಿ ಸಾರಿ ಹೇಳಿಬಿಡು ಎಂದರು. ಫೋನ್ ಮಾಡುವುದು ನನಗೆ ಸುಲಭ, ಅದಕ್ಕೇ ಬೇಡ ಎನಿಸಿತು. ಸುಳ್ಳು ಹೇಳಿದ್ದು ಎಲ್ಲರೆದುರು. ನಿಜವನ್ನು ಮಾತ್ರ ಕಿವಿಯಲ್ಲಿ ಪಿಸುಗುಟ್ಟಿ ಮುಗಿಸುವುದೇ? ಅಲ್ಲೇ ಅವರೊಂದಿಗೆ ಜಗಳವಾಯಿತು.

ತರಬೇತಿಯ ದಿನ ಹೊಸ ಲೀಡ್‌ಗಳೆಲ್ಲ ಕೂತಿದ್ದರು. ನಮ್ಮ ಹಳೆಯ ತಂಡದಿಂದ ಉಳಿದಿದ್ದ ಅನ್ಬುವನ್ನು ನಾನೇ ಬರಹೇಳಿದ್ದೆ. ಕವಿತಾಳನ್ನೂ ಕರೆದಿದ್ದೆ, ಹಿಂದಿನ ಸಾಲಿನಲ್ಲಿದ್ದಳು. ಬಲೂನು ಹಂಚಲಿಲ್ಲ. ನಡೆದದ್ದನ್ನು ನಿನ್ನ ಹೆಸರು, ನನ್ನ ಹೆಸರು ಹಿಡಿದೇ ಹೇಳಿದೆ. ನಿನ್ನ ಮಾತನ್ನು ಮೊದಲು ನೀನು ಹೇಳಿದ ಹಾಗೆಯೇ ಹೇಳಿ, ಆಮೇಲೆ ತಮಿಳಿನಲ್ಲಿ ಹೇಳಿದೆ. ನಾನು ಕೊಟ್ಟ ಉತ್ತರವನ್ನೂ, ಆ ಇಡ್ಲಿಯ ಮಾತನ್ನೂ, ಬಿಡಲಿಲ್ಲ. ಸುಂದರ್ ಸಾರ್ ಎದ್ದು ಹೊರಗೆ ಹೋದರು.

ಅನ್ಬು ಕೇಳಿದ: ಅವನಿಗೆ ನಮ್ಮಷ್ಟೇ ಚೆನ್ನಾಗಿ ತಮಿಳು ಬರುತ್ತಿತ್ತಲ್ಲ ಮೇಡಂ, ನಮಗೆಲ್ಲ ಕೇಳುವ ಹಾಗೆ ತಮಿಳಿನಲ್ಲೇ ಯಾಕೆ ಹೇಳಲಿಲ್ಲ?

ಈ ಪ್ರಶ್ನೆಗೆ ಉತ್ತರ ನನಗೆ ಅಂದೇ ಗೊತ್ತಿತ್ತು, ಶ್ರೀಶ. ನೀನು ಕುರ್ಚಿ ಸರಿಸಿ, ಬಾರದ ಪದ ಹುಡುಕಿ ಹುಡುಕಿ ಮಾತಾಡುವಾಗಲೇ ಗೊತ್ತಿತ್ತು. ಗೊತ್ತಿದ್ದೇ ಅದನ್ನು ನಿನ್ನ ಕುತ್ತಿಗೆಗೆ ಉರುಳು ಮಾಡಿದೆ.

"ನಿಮ್ಮೆಲ್ಲರ ಎದುರು ನನಗೆ ಅವಮಾನ ಆಗಬಾರದು ಅಂತ," ಎಂದೆ.

ಕವಿತಾ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ನನ್ನ ಮೇಲೆ ಕನಿಕರವಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಕ್ಷಮಿಸು ಎಂದು ಕೇಳಲು ಇದನ್ನು ಬರೆದದ್ದಲ್ಲ. ನೀನು ಸುಳ್ಳುಗಾರನಲ್ಲ ಎಂಬುದು ಆ ರೂಮಿನಲ್ಲಿ ನಕ್ಕವನಿಗೆ ಈಗ ಗೊತ್ತು; ಮಿಕ್ಕವರು ಎಲ್ಲೆಲ್ಲಿದ್ದಾರೋ ಹುಡುಕಿ, ಒಬ್ಬೊಬ್ಬರಿಗೂ ಹೇಳುತ್ತೇನೆ. ಅದು ನನ್ನ ಕೈಲಾಗುವ ಕೆಲಸ. ಒಬ್ಬರ ಮಾನ ಕಾಯಲು ಪಕ್ಕಕ್ಕೆ ಬಂದು ಮೆಲ್ಲಗೆ ಮಾತಾಡುತ್ತಿದ್ದ ಆ ಹುಡುಗನನ್ನು ಮಾತ್ರ ನಿನಗೆ ವಾಪಸು ಕೊಡಲು ನನ್ನಿಂದಾಗುವುದಿಲ್ಲ.