ಸಾಕಮ್ಮ ಕತ್ತರಿಸದ ಕೋಟು

ಆ ಹಸಿರು ಮಖಮಲ್ಲಿನ ಕೋಟನ್ನು ತಪ್ಪಾಗಿ ಕತ್ತರಿಸಿದವನು ನಾನು. ಸಾಕಮ್ಮ ಅಲ್ಲ. ಮೈಸೂರಿನ ನಮ್ಮ ಟೈಲರ್ ಅಂಗಡಿಯಲ್ಲಿ ಎಲ್ಲರ ಮುಂದೆ ನಾನು ಆಕೆಯ ಹೆಸರು ಹೇಳಿದೆ. ಆಕೆಯ ಕೆಲಸ ಹೋಯಿತು. ನಾನು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ. ಮೂವತ್ತೆಂಟು ವರ್ಷ ಈ ಮಾತನ್ನು ಯಾರಿಗೂ ಹೇಳಲಿಲ್ಲ — ತೀರಿಹೋದ ನನ್ನ ಹೆಂಡತಿಗೂ ಹೇಳಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ತೋಳು ಎಂದು ಗೀಚಿದ್ದು ಬಿಟ್ಟರೆ ಬೇರೆ ಬರವಣಿಗೆ ಗೊತ್ತಿಲ್ಲ. ಈಗ ಮೊಮ್ಮಗಳ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಸಾಲಿಗೆ ಕೈ ಸೋಲುತ್ತದೆ. ಮಲಗುತ್ತೇನೆ, ಎದ್ದು ಮತ್ತೆ ಬರೆಯುತ್ತೇನೆ.

ಮೊಮ್ಮಗಳ ಹೆಸರು ಇಂಚರ. ಒಂಬತ್ತು ವರ್ಷ. ನನ್ನ ಮಗಳು ಸುಮ ಅಡಿಲೇಡಿನ ಮಾಡ್ಬರಿಯಲ್ಲಿ ನರ್ಸು. ಮದುವೆಯಾಗಿ ಆರು ವರ್ಷ ಕಾದ ಮೇಲೆ ಹುಟ್ಟಿದ ಕೂಸು ಇದು. ಈ ಸಲ ಬರುವ ತನಕ ನಾನು ಅವಳನ್ನು ಫೋನಿನಲ್ಲಿ ಮಾತ್ರ ಕಂಡಿದ್ದೆ. ವಿಮಾನ ನಿಲ್ದಾಣದಲ್ಲಿ ಅವಳು ಓಡಿ ಬಂದು ನನ್ನ ಸೊಂಟ ಅಪ್ಪಿಕೊಂಡಾಗ — ಅದನ್ನು ಹೇಗೆ ಬರೆಯಲಿ. ಅವಳ ತಲೆ ನನ್ನ ಶರ್ಟಿನ ಮೂರನೇ ಗುಂಡಿಗೆ ಬರುತ್ತದೆ. ಅಷ್ಟು ಬರೆದರೆ ಸಾಕು. ನನಗೆ ಅದೇ ದೊಡ್ಡದು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ಸುಮ್ಮನೆ ನಗುತ್ತೇನೆ. ಬಂದ ಮೊದಲ ತಿಂಗಳು ನಾನು ನಕ್ಕಷ್ಟು ಹಿಂದಿನ ಹತ್ತು ವರ್ಷದಲ್ಲಿ ನಕ್ಕಿರಲಿಲ್ಲ.

ಅವಳ ಶಾಲೆಯಲ್ಲಿ, ಹೊರದೇಶದಿಂದ ಇಲ್ಲಿಗೆ ಬಂದು ನೆಲೆಸಿದವರ ಬಗ್ಗೆ ಬರೆದುಕೊಂಡು ಬನ್ನಿ ಎಂದಿದ್ದರಂತೆ. ಗ್ಲೆನೆಲ್ಗ್ ಎಂಬ ಸಮುದ್ರದಂಡೆಯ ಬಡಾವಣೆಯಲ್ಲಿ ಯೆಹೂದಿಗಳ ಒಂದು ಸಣ್ಣ ಮ್ಯೂಸಿಯಂ ಇದೆ, ಅದನ್ನು ನೋಡಿ, ಹಾಗೇ ಸಮುದ್ರವನ್ನೂ ನೋಡಿ ಬರೋಣ ಎಂದು ಸುಮ ಒಂದು ಭಾನುವಾರ ಹೊರಡಿಸಿದಳು. ಅಳಿಯನಿಗೆ ಅಂದು ಕೆಲಸ. ನಾವು ಮೂವರೇ ಮೊದಲು ಬಸ್ಸು, ಆಮೇಲೆ ಟ್ರಾಮು ಹತ್ತಿದೆವು. ಟ್ರಾಮಿನ ಕೊನೆಯ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಸಮುದ್ರ. ನೀರಿನೊಳಕ್ಕೆ ಚಾಚಿಕೊಂಡ ಉದ್ದನೆಯ ಕಟ್ಟೆಯ ತುದಿಯವರೆಗೂ ಇಂಚರ ನನ್ನ ಕೈ ಹಿಡಿದು ನಡೆಸಿದಳು. ಒಂದು ಕಡಲಹಕ್ಕಿ ನನ್ನ ಕೈಯಿಂದಲೇ ಆಲೂಗಡ್ಡೆ ಚಿಪ್ಸನ್ನು ಕಿತ್ತುಕೊಂಡು ಹಾರಿತು. "ಯು ಗಾಟ್ ರಾಬ್ಡ್, ತಾತ" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಂಡಿ ನೋಯುತ್ತಿತ್ತು, ಬಿಸಿಲು ತಲೆ ಸುಡುತ್ತಿತ್ತು. ಆದರೂ ಆ ನಗು ಕೇಳಲು ಇನ್ನೂ ನಾಲ್ಕು ಹಕ್ಕಿ ಬರಲಿ ಎನ್ನಿಸಿತು.

ಮ್ಯೂಸಿಯಂ ಎಂದರೆ ಎರಡು ಕೋಣೆಯ ಹಳೆಯ ಮನೆ. ಒಳಗೆ ತಂಪಾಗಿತ್ತು. ಹಡಗಿನಲ್ಲಿ ಬಂದವರ ಪೆಟ್ಟಿಗೆಗಳು, ಕವಲೊಡೆದ ದೀಪಗಳು, ಮದುವೆಯ ಫೋಟೋಗಳು. ಕೂದಲು ಬೆಳ್ಳಗೆ ಹಣ್ಣಾದ ಒಬ್ಬ ಹೆಂಗಸು ಒಂದೊಂದನ್ನೂ ತೋರಿಸಿ ಹೇಳುತ್ತಿದ್ದರು, ಸುಮ ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದಳು. ಆಮೇಲೆ ಎರಡನೇ ಕೋಣೆಯ ಗೋಡೆಯ ಮೇಲೆ ಆ ಪರದೆ ಕಂಡಿತು. ಅವರ ಧರ್ಮಗ್ರಂಥ ಇಡುವ ಕಪಾಟಿನ ಮುಂದೆ ಇಳಿಬಿಡುವಂಥದ್ದು. ನೇರಳೆ ಮಖಮಲ್ಲು, ಮೂರು ಪಟ್ಟಿ ಜೋಡಿಸಿ ಹೊಲಿದದ್ದು. ನಡುವಿನ ಪಟ್ಟಿಯ ಬಣ್ಣ ಮಾತ್ರ ಕಪ್ಪಗೆ. ಈ ಊರಿಗೆ ಬಂದ ಹೊಸದರಲ್ಲಿ ಒಬ್ಬ ಹೆಂಗಸು ಒಬ್ಬಳೇ ಕೂತು ಹೊಲಿದದ್ದಂತೆ. ಬದಿಯ ಎರಡು ಪಟ್ಟಿ ಬಿಸಿಲಿಗೆ ಮಾಸಿವೆ ಎಂದು ಆ ಹಿರಿಯಾಕೆ ಹೇಳಿದರು.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮಾಸಿದ್ದಲ್ಲ ಅಂತ ಹೇಳು ಎಂದು ಸುಮಳಿಗೆ ಹೇಳಿದೆ. ಮಖಮಲ್ಲಿಗೆ ಬೆಕ್ಕಿನ ಮೈಯಂತೆ ಸಣ್ಣ ಕೂದಲಿರುತ್ತದೆ, ಅದು ಒಂದೇ ಕಡೆಗೆ ಮಲಗಿರುತ್ತದೆ. ಒಂದು ತುಂಡನ್ನು ತಲೆಕೆಳಗು ಮಾಡಿ ಕತ್ತರಿಸಿದರೆ ಬೆಳಕು ಬೇರೆ ಥರ ಬೀಳುತ್ತದೆ, ಒಂದೇ ಬಟ್ಟೆ ಎರಡು ಬಣ್ಣ ಕಾಣುತ್ತದೆ. ಬಟ್ಟೆ ಸಾಲದೆ ಆಕೆ ನಡುವಿನ ಪಟ್ಟಿಯನ್ನು ತಿರುಗಿಸಿ ಇಟ್ಟಿರಬೇಕು. ಹಿರಿಯಾಕೆ ಟಾರ್ಚು ತಂದು ಕೆಳಗಿನಿಂದ ಬಿಟ್ಟರು. ನಡುವಿನದು ತಿಳಿಯಾಯಿತು, ಬದಿಯವು ಕಪ್ಪಾದವು. ಅವರು ಎರಡು ಕೈಯಿಂದ ನನ್ನ ಕೈ ಹಿಡಿದುಕೊಂಡರು. ಇಷ್ಟು ವರ್ಷ ನಾವು ತಪ್ಪು ಹೇಳುತ್ತಾ ಬಂದೆವಲ್ಲ ಎಂದರಂತೆ.

ಇಂಚರಳ ಮುಖ ನೋಡಬೇಕಿತ್ತು. ಅವಳ ತಾತ, ಇಂಗ್ಲಿಷು ಬಾರದ ತಾತ, ಎಲ್ಲರಿಗಿಂತ ಹೆಚ್ಚು ತಿಳಿದವನಾಗಿದ್ದ. ಆ ಖುಷಿಯಲ್ಲಿ ಅವಳು ಕೇಳಿದಳು: "ಡಿಡ್ ಯು ಎವರ್ ಡೂ ದಟ್, ತಾತ? ಬೈ ಮಿಸ್ಟೇಕ್?"

ಇದು ನನಗೆ ಪೂರ್ತಿ ಅರ್ಥವಾಯಿತು.

"ಇಲ್ಲ ಪುಟ್ಟ. ನನ್ನ ಕೈಲಿ ಯಾವತ್ತೂ ಹಂಗಾಗಿಲ್ಲ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು — ಯಾರೂ ಮುಂದೆ ಕೇಳಿರಲಿಲ್ಲ. ಆದರೂ ನಾನೇ ಸೇರಿಸಿದೆ. "ನಮ್ಮಂಗ್ಡೀಲಿ ಒಬ್ಬಳು ಮಾಡಿದ್ಲು. ಕೆಲ್ಸದಿಂದ ತೆಗೆದ್ರು."

ಇಂಚರ ಹುಬ್ಬು ಗಂಟಿಕ್ಕಿದಳು. "ಫಾರ್ ಒನ್ ಮಿಸ್ಟೇಕ್? ದಟ್ಸ್ ಸೋ ಮೀನ್."

ಆ ಒಬ್ಬಳು ಸಾಕಮ್ಮ. ಅಂಗಡಿಯ ಮೂಲೆಯಲ್ಲಿ ಕೂತು ಕಾಜ ಹೊಲಿಯುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು. ಗಂಡ ಇರಲಿಲ್ಲ, ಒಬ್ಬ ಸಣ್ಣ ಮಗ ಇದ್ದ. ನಾನು ಅಲ್ಲಿ ಕಟಿಂಗ್ ಮಾಸ್ಟರು. ಕಟಿಂಗ್ ಕಲಿಸಿ ಮಾಸ್ಟ್ರೇ ಎಂದು ಆಕೆ ಎರಡು ವರ್ಷ ಕೇಳಿದ ಮೇಲೆ ನಾನು ಒಳಗಿನ ಅಸ್ತರಿ ಬಟ್ಟೆಗಳನ್ನು ಕತ್ತರಿಸಲು ಬಿಡುತ್ತಿದ್ದೆ. ಆಕೆಯ ಕೈ ಚೆನ್ನಾಗಿತ್ತು. ಚೆನ್ನಾಗಿತ್ತು ಎಂದರೆ — ನನಗಿಂತ ಚೆನ್ನಾಗಿತ್ತು. ಅದೂ ನನ್ನ ಮನಸ್ಸಿನಲ್ಲಿ ಎಲ್ಲೋ ಚುಚ್ಚುತ್ತಿತ್ತೇನೋ. ಈಗ ಖಂಡಿತವಾಗಿ ಹೇಳಲಾರೆ.

ಒಬ್ಬ ಮದುಮಗನ ಆರತಕ್ಷತೆಗೆ ಹಸಿರು ಮಖಮಲ್ಲಿನ ಕೋಟು ಬೇಕಿತ್ತು. ಬಟ್ಟೆ ಸರಿಯಾಗಿ ತಂದುಕೊಟ್ಟಿದ್ದರು. ಕತ್ತರಿಸಿದ ಮೇಲೆ ಉಳಿದ ತುಂಡು ಮಾಸ್ಟರಿಗೆ, ಅದು ನಮ್ಮ ಅಂಗಡಿಗಳಲ್ಲಿ ನಡೆದುಬಂದದ್ದು. ಸುಮಳಿಗೆ ಆಗ ವರ್ಷ ತುಂಬುವುದಿತ್ತು. ಕೋಟಿನ ಮುಂಭಾಗದ ಬಲ ತುಂಡನ್ನು ತಲೆಕೆಳಗು ಮಾಡಿ ಇಟ್ಟರೆ ಮಗುವಿನ ಒಂದು ಫ್ರಾಕಿಗೆ ಬಟ್ಟೆ ಉಳಿಯುತ್ತಿತ್ತು. ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದಲ್ಲ. ಕಡು ಹಸಿರಲ್ಲಿ ಅಷ್ಟಾಗಿ ಕಾಣಲಾರದು ಎಂದುಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆ ಪರದೆ ಹೊಲಿದ ಹೆಂಗಸಿಗೆ ಬಟ್ಟೆ ಸಾಲದೇ ಹೋಗಿತ್ತು. ನನಗೆ ಸಾಕಷ್ಟಿತ್ತು.

ಮದುಮಗ ಕೋಟು ತೊಟ್ಟು ಬಾಗಿಲ ಬಳಿಯ ಕನ್ನಡಿಯ ಮುಂದೆ ನಿಂತ. ಹೊರಗಿನ ಬಿಸಿಲು ಬಿತ್ತು. ಎದೆಯ ಎಡಭಾಗ ಒಂದು ಹಸಿರು, ಬಲಭಾಗ ಇನ್ನೊಂದು ಹಸಿರು. ಯಾರೋ ನಕ್ಕರು. ಮದುವೆಗೆ ಮೂರೇ ದಿನವಿತ್ತು. ಅಂಗಡಿಯ ಯಜಮಾನರು ಒಳಗೆ ಬಂದು, ಯಾರು ಕತ್ತರಿಸಿದ್ದು ಎಂದು ಕೇಳಿದರು. ದೊಡ್ಡ ದನಿ ಮಾಡಲಿಲ್ಲ. ಅವರ ಮೆಲ್ಲಗಿನ ದನಿಯೇ ಹೆಚ್ಚು ಹೆದರಿಕೆ.

"ಸಾಕಮ್ಮನ ಕೈಗೆ ಕೊಟ್ಟಿದ್ದೆ ಯಜಮಾನ್ರೇ. ಕಲೀಲಿ ಅಂತ."

ಕಲೀಲಿ ಅಂತ — ಆ ಮಾತನ್ನು ಈಗಲೂ ನಾಲಿಗೆಯ ಮೇಲೆ ಇಟ್ಟು ನೋಡುತ್ತೇನೆ. ಸುಳ್ಳು ಹೇಳಿದ್ದಲ್ಲದೆ ಒಳ್ಳೆಯವನೂ ಆಗಿಬಿಟ್ಟೆ. ನಾನಲ್ಲ ಎಂದು ಸಾಕಮ್ಮ ಹೇಳಿದಳು. ಎರಡು ಸಲ ಹೇಳಿದಳು. ಕಾಜ ಹೊಲಿಯುವವಳ ಮಾತು ಯಾರಿಗೆ ಬೇಕು? ಸೂಜಿಡಬ್ಬಿ ತೆಗೆದುಕೊಂಡು ಹೊರಡುವಾಗ ನನ್ನ ಮೇಜಿನ ಮುಂದೆ ನಿಂತು ಆಕೆ ಹೇಳಿದ್ದು ಇಷ್ಟೇ: "ನೀವು ಹೇಳಿದ್ರೆ ನಂಬ್ತಾರೆ ಮಾಸ್ಟ್ರೇ."

ಬೈಯಲಿಲ್ಲ. ಕೇಳಿಕೊಂಡಳು. ನಾನು ಕತ್ತರಿ ಒರೆಸುತ್ತಾ ನಿಂತೆ.

ಆ ಬೀದಿಯಲ್ಲಿ ಮತ್ತೆ ಯಾರೂ ಆಕೆಯ ಕೈಗೆ ಕತ್ತರಿ ಕೊಡಲಿಲ್ಲ. ಸುಮಳ ಮೊದಲ ಹುಟ್ಟುಹಬ್ಬಕ್ಕೆ ನಾನು ಫ್ರಾಕು ಹೊಲಿದೆ, ಅದರ ಕೂದಲೆಲ್ಲ ಒಂದೇ ಕಡೆಗೆ ಮಲಗುವ ಹಾಗೆ ನೋಡಿಕೊಂಡೆ. ಅದನ್ನು ತೊಟ್ಟ ಸುಮಳ ಫೋಟೋ ಈಗ ಮಾಡ್ಬರಿಯ ಮನೆಯ ಹಾಲಿನಲ್ಲಿದೆ. ಮೈಸೂರಿನಲ್ಲಿ ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಸಾಕಮ್ಮ ಕಂಡಳು. ನಾನು ಬೇರೆ ಬಸ್ಸು ಹತ್ತಿದೆ.

ಗ್ಲೆನೆಲ್ಗಿಗೇ ಮರಳುತ್ತೇನೆ. ಮ್ಯೂಸಿಯಂನಿಂದ ಹೊರಗೆ ಬಂದು ಐಸ್‌ಕ್ರೀಮ್ ತಿಂದೆವು. ಜೈಂಟ್ ವೀಲಿನಲ್ಲೂ ಕೂತೆವು. ಮೇಲಿನಿಂದ ನೋಡಿದರೆ ಸಮುದ್ರ ಬಟ್ಟೆಯ ಥಾನು ಬಿಚ್ಚಿಟ್ಟ ಹಾಗಿತ್ತು. ತಾತ ಒಂದೂ ತಪ್ಪು ಮಾಡಿಲ್ಲವಂತೆ ಎಂದು ಇಂಚರ ಅಮ್ಮನಿಗೆ ಹೇಳುತ್ತಲೇ ಇದ್ದಳು. ನನಗೆ ಕೆಳಗಿಳಿದರೆ ಸಾಕಾಗಿತ್ತು.

ಅಂದು ಸಂಜೆಯೇ ಪಕ್ಕದ ಬೀದಿಯ ಕನ್ನಡದವರ ಮನೆಯಲ್ಲಿ ಬಾರ್ಬಿ. ಹಿತ್ತಲಲ್ಲಿ ಒಲೆ ಹಚ್ಚಿ ಸುಟ್ಟು ತಿನ್ನುವ ಊಟಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಹತ್ತು ಜನರ ಮುಂದೆ ಇಂಚರ ನಿಂತು ಪರದೆಯ ಕಥೆ ಹೇಳಿದಳು, ಅಂಗಡಿಯ ಹೆಂಗಸಿನದೂ ಹೇಳಿದಳು. ಮೆಕ್ಕೆಜೋಳ ತಿರುಗಿಸುತ್ತಿದ್ದವನೊಬ್ಬ ನನಗೆ ಕಣ್ಣು ಹೊಡೆದ. "ಹೆಂಗಸ್ರ ಕೈಗೆ ಕತ್ರಿ ಕೊಟ್ರೆ ಅಷ್ಟೇ ಅಲ್ವಾ ಅಂಕಲ್?" ಎಂದ. "ಅವ್ರ ಬಾಯೇ ಸಾಕು ಕತ್ತರ್ಸೋಕೆ" ಎಂದು ಇನ್ನೊಬ್ಬ ಸೇರಿಸಿದ. ಎಲ್ಲರೂ ನಕ್ಕರು. ಸಾಕಮ್ಮ ಕಂಡು ಕೇಳದ ದೇಶ, ಗುರುತಿಲ್ಲದ ಜನ — ಅಲ್ಲೂ ನಾನು ಆಕೆಯನ್ನು ನಿಲ್ಲಿಸಿ ನಗೆಪಾಟಲು ಮಾಡಿದ್ದೆ. ನಾನೂ ನಕ್ಕೆನೇನೋ. ನಗಲಿಲ್ಲ ಎಂದು ಬರೆಯಲು ಧೈರ್ಯವಿಲ್ಲ.

ಸೋಮವಾರ ಇಂಚರ ಶಾಲೆಯಿಂದ ಬಂದ ಮೇಲೆ ಅವಳನ್ನೂ ಸುಮಳನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಫ್ರಾಕಿನ ಮಾತನ್ನೂ ಬಿಡಲಿಲ್ಲ. ಸುಮ ಬಹಳ ಹೊತ್ತು ಫೋಟೋ ಕಡೆ ನೋಡಲಿಲ್ಲ. "ಈಗ್ಯಾಕಪ್ಪಾ ಅದೆಲ್ಲ, ಯಾರಿಗೆ ನೆನಪಿರುತ್ತೆ" ಎಂದಳು. ನನ್ನನ್ನು ಕಾಪಾಡಲು ಹೇಳಿದಳು, ಪಾಪ. ಇಂಚರ ಮಾತ್ರ ನನ್ನನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಸಾಕಮ್ಮ ಮುಂದೆ ಏನು ಮಾಡಿದರು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಯಾಕೆ ಗೊತ್ತಿಲ್ಲ ಎಂದಳು. ಕೇಳಲಿಲ್ಲ ಎಂದೆ.

"ರಿಂಗ್ ಹರ್, ತಾತ" ಎಂದಳು.

ಅಂಗಡಿಯ ಹಳೆಯ ಗೆಳೆಯ ಬಸವರಾಜು ಎರಡು ದಿನ ಅಲೆದು ನಂಬರು ಹುಡುಕಿಕೊಟ್ಟ. ಇಲ್ಲಿ ಮಧ್ಯಾಹ್ನ, ಅಲ್ಲಿ ಬೆಳಗ್ಗೆ. ಸಾಕಮ್ಮನೇ ಎತ್ತಿಕೊಂಡಳು. ದನಿ ಬದಲಾಗಿತ್ತು. ಟೈಲರ್ ಸಿದ್ದರಾಜು ಎಂದೆ. ಏನೇನೋ ಕಲಿತಿಟ್ಟುಕೊಂಡಿದ್ದೆ, ಎಲ್ಲ ಮರೆತು ಹೋಯಿತು. ಆ ಕೋಟು ಕತ್ತರಿಸಿದ್ದು ನೀವಲ್ಲ, ನಾನು ಎಂದಷ್ಟೇ ಹೇಳಿದೆ.

"ಅದು ನಂಗ್ ಗೊತ್ತಿಲ್ವಾ ಮಾಸ್ಟ್ರೇ?" ಎಂದಳು. ಕೋಪವಿರಲಿಲ್ಲ. ದಣಿದಿದ್ದಳು, ನನ್ನ ಹಾಗೆಯೇ. "ನಂಗ್ಯಾಕ್ ಹೇಳ್ತೀರ. ಗೊತ್ತಿಲ್ದೋರ್ಗೆ ಹೇಳಿ. ಮಗ ಇಲ್ಲೇ ಅವ್ನೆ, ತಡೀರಿ."

ಮಗ ಫೋನು ತೆಗೆದುಕೊಂಡ. ಅವನಿಗೂ ಈಗ ನಲವತ್ತು ದಾಟಿರಬೇಕು. ಅದೇ ಮಾತನ್ನು ಅವನಿಗೆ ಹೇಳಿದೆ. ಎರಡನೇ ಸಲ ಹೇಳುವುದು ಸುಲಭವೆಂದುಕೊಂಡಿದ್ದೆ. ಸುಲಭವಿರಲಿಲ್ಲ. ಹಿಂದೆ ಎಲ್ಲೋ ಕುಕ್ಕರು ಕೂಗಿತು.

"ಅವ್ವ ಹೇಳ್ತಾನೇ ಇತ್ತು ಸಾರ್, ನಾನಲ್ಲ ನಾನಲ್ಲ ಅಂತ" ಎಂದ. "ನಾನೇ ನಂಬಿರ್ಲಿಲ್ಲ."

ಬರುವ ತಿಂಗಳು ಊರಿಗೆ ಹೋಗುತ್ತಿದ್ದೇನೆ. ನಮ್ಮ ಅಂಗಡಿಯ ಬೀದಿಯಲ್ಲಿ ಹಳೆಯ ಟೈಲರುಗಳು ಇನ್ನೂ ಆರೇಳು ಜನ ಇದ್ದಾರಂತೆ. ಅವರಿಗೆ ಹೇಳಬೇಕು. ಹೋಗುವ ಮುಂಚೆ ಇಲ್ಲಿ ಪಕ್ಕದ ಬೀದಿಯ ಆ ಹತ್ತು ಜನರಿಗೂ ಹೇಳಬೇಕು. ಇದನ್ನು ಓದುವ ನಿಮಗೆ ಹೇಳಿದ್ದಾಯಿತು.