ಎಡಮೂಲೆಯ ಹಲಗೆಗಳು

ನನ್ನ ಗಂಡ ಲೂಷಿಯಸ್ ಟಾಲಿವರ್ ನಮ್ಮೂರ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಗಳವನ್ನು ಇಪ್ಪತ್ತೆಂಟು ವರ್ಷ ಒರೆಸಿದ. ಒರೆಸಿದ ಎಂದರೆ ಅವನಿಗೆ ಸಿಟ್ಟು ಬರುತ್ತದೆ, ನೋಡಿಕೊಂಡ ಅನ್ನಬೇಕು. ಆಗಲಿ, ನೋಡಿಕೊಂಡ. ಆ ಮರದ ನೆಲದ ಮೇಲೆ ಒಂದು ದಿನವೂ ಬೂಟುಗಾಲು ಇಟ್ಟವನಲ್ಲ, ಬರೀ ಕಾಲುಚೀಲದಲ್ಲೇ ಓಡಾಡುತ್ತಿದ್ದ. ಆ ಕಾಲುಚೀಲಗಳ ತೂತು ಹೊಲಿದು ಹೊಲಿದು ನನ್ನ ಕಣ್ಣು ಹೋಯಿತು. ನಮ್ಮ ಮದುವೆ ಆದದ್ದು ಯಾವ ತಾರೀಕು ಎಂದರೆ ತಲೆ ಕೆರೆದುಕೊಳ್ಳುವ ಮಹಾರಾಯ, ನೆಲಕ್ಕೆ ವಾರ್ನಿಷ್ ಬಳಿದದ್ದು ಯಾವಾಗ ಎಂದರೆ ಪಟ್ಟನೆ ಹೇಳುತ್ತಿದ್ದ.

ಅಷ್ಟು ವರ್ಷದಲ್ಲಿ ಅವನು ಒಂದು ಪಂದ್ಯವನ್ನೂ ಕೂತು ನೋಡಲಿಲ್ಲ. ಅಲಬಾಮಾದಲ್ಲಿ ಆಗ ನಮ್ಮಂಥ ಕಪ್ಪು ಜನ ಆ ಕಟ್ಟಡದೊಳಗೆ ಹೋಗಬೇಕಾದರೆ ಕೈಯಲ್ಲಿ ಪೊರಕೆ ಇರಬೇಕಿತ್ತು. ಆಟಗಾರ ಬಿದ್ದರೆ ಬೆವರು ಒರೆಸಲು ಬಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿರುತ್ತಿದ್ದ. ಮೀಸೆ ಮೂಡದ ಬಿಳಿ ಹುಡುಗರು "ಲೂಷಿಯಸ್, ಬಾರೋ ಇಲ್ಲಿ" ಅನ್ನುತ್ತಿದ್ದರು. ಇವನು "ಬಂದೆ ಸರ್" ಅನ್ನುತ್ತಿದ್ದ. 

ಸಾವಿರದ ಒಂಬೈನೂರ ನಲವತ್ತಾರರಲ್ಲಿ ಆ ನೆಲ ಹಾಸಿದಾಗ ಒಂದಷ್ಟು ಮೇಪಲ್ ಮರದ ಹಲಗೆ ಉಳಿದಿತ್ತು. ಬಡಗಿಗಳು ಒಲೆಗೆ ಹಾಕಲು ಹೊರಟಿದ್ದನ್ನು ಲೂಷಿಯಸ್ ಕೇಳಿ ತಂದು ನನಗೊಂದು ಊಟದ ಮೇಜು ಮಾಡಿಕೊಟ್ಟ. ನಮ್ಮ ಮನೆಯಲ್ಲಿ ಚಿನ್ನ ಅಂತ ಇದ್ದದ್ದು ಅದೊಂದೇ. ಮೂರು ಮಕ್ಕಳು ಅದರ ಮೇಲೆ ಉಂಡರು, ಅಕ್ಷರ ತಿದ್ದಿದರು. ಇಪ್ಪತ್ತೆರಡು ವರ್ಷ ನಾನು ಅದರ ಮೇಲೆ ಹಿಟ್ಟು ನಾದಿದೆ.

ಅರವತ್ತೆಂಟರ ಶರತ್ಕಾಲದಲ್ಲಿ ರೂಬೆನ್ ಹಾಸ್ಕಿನ್ಸ್ ಬಂದ. ಆ ಕಾಲೇಜಿನ ತಂಡದ ಅಂಗಿ ತೊಟ್ಟ ನಮ್ಮವರಲ್ಲಿ ಮೊದಲನೆಯವನು. ತಾಯಿ ಕಡಲ ದಂಡೆಯಲ್ಲಿ ಸಿಗಡಿ ಸುಲಿಯುವವಳು. ಅವನಿಗೆ ಕೊಟ್ಟದ್ದು ಒಂದೇ ವರ್ಷದ ವಿದ್ಯಾರ್ಥಿವೇತನ. ಚೆನ್ನಾಗಿ ಆಡಿದರೆ ಮುಂದುವರಿಸುತ್ತೇವೆ, ಇಲ್ಲದಿದ್ದರೆ ಊರಿಗೆ ನಡಿ ಎಂಬ ಕರಾರು. ಕಾಲೇಜಿನ ಊಟದ ಮನೆಯಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಹಾಗಾಗಿ ರಜೆಯ ದಿನ ನಮ್ಮ ಮೇಜಿಗೆ ಬರುತ್ತಿದ್ದ. ಅಲಸಂದೆ ಕಾಳು, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ರೊಟ್ಟಿ. ಆ ಹುಡುಗ ಉಣ್ಣುವುದನ್ನು ನೋಡುವುದೇ ಒಂದು ಸಂತೋಷ.

ಆದರೆ ಆಟದಲ್ಲಿ ಅವನ ಗ್ರಹಚಾರ ಕೆಟ್ಟಿತ್ತು. ಅಂಗಳದ ಎಡಮೂಲೆಯಲ್ಲಿ ಹಿಂದೆಂದೋ ನೀರಿನ ಕೊಳವೆ ಒಡೆದು, ಹಲಗೆಯಡಿಯ ತೊಲೆ ಕೊಳೆತಿತ್ತು. ಒಂದು ಚಾಪೆಯಷ್ಟು ಜಾಗ. ಅಲ್ಲಿ ಚೆಂಡು ಬಡಿದರೆ ಮೊಣಕಾಲಿನವರೆಗೂ ಏಳುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಲೂಷಿಯಸ್ ಮರ ಕೇಳುತ್ತಿದ್ದ, ಆಫೀಸಿನವರು ಮುಂದಿನ ವರ್ಷ ಅನ್ನುತ್ತಿದ್ದರು. ತಂಡದ ಹಳಬರಿಗೆ ಆ ಮೂಲೆ ಗೊತ್ತಿತ್ತು, ಹೊಸಬ ರೂಬೆನ್‌ಗೆ ಗೊತ್ತಿರಲಿಲ್ಲ. ತಂಡದ ನಾಯಕ ಗ್ಯಾರಿ ಡಾಬ್ಸ್ ಎಂಬ ಬಿಳಿ ಹುಡುಗ ಪ್ರತಿ ಪಂದ್ಯದಲ್ಲೂ ರೂಬೆನ್ ಅಲ್ಲಿ ನಿಂತಾಗ ಮಾತ್ರ ಚೆಂಡು ಎಸೆಯುತ್ತಿದ್ದ. ಇವನು ನೆಲಕ್ಕೆ ಬಡಿಯುತ್ತಿದ್ದ, ಚೆಂಡು ಸಾಯುತ್ತಿತ್ತು, ಜನ ಬಿದ್ದು ಬಿದ್ದು ನಗುತ್ತಿದ್ದರು.

ಫೆಬ್ರವರಿಯ ಒಂದು ಶನಿವಾರ ರೂಬೆನ್ ತಟ್ಟೆ ಮುಟ್ಟದೆ ಕೂತ.

"ಉಣ್ಣೋ, ಯಾಕೆ ಶಾಸ್ತ್ರ ಮಾಡ್ತೀಯ?" ಅಂದೆ.

"ಮಿಸ್ ಓಝೆಲ್ಲಾ, ಮಂಗಳವಾರ ಕೊನೇ ಪಂದ್ಯ. ಅವತ್ತೂ ಹಿಂಗೇ ಆದ್ರೆ ಬಸ್ ಹತ್ತು ಅಂದಿದಾರೆ ಕೋಚ್. ಅವರದ್ದೂ ತಪ್ಪಿಲ್ಲ ಬಿಡಿ. ನನ್ನ ಕೈಯೇ ಸರಿಯಿಲ್ಲ."

ಲೂಷಿಯಸ್ ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತಾ ಕೂತಿದ್ದ.

ಭಾನುವಾರ ಬೆಳಿಗ್ಗೆ ನಾನು ಚರ್ಚಿನ ಟೋಪಿ ಇಟ್ಟುಕೊಂಡು ಅಡುಗೆಮನೆಗೆ ಬಂದರೆ ನನ್ನ ಮೇಜು ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು.

"ಏನಿದು ಲೂಷಿಯಸ್?"

"ಅದೇ ನೆಲದ ಮರ ಓಝಿ. ಅದೇ ದಪ್ಪ, ಅದೇ ವಯಸ್ಸು. ಇದರ ಕಾಲುಗಳು ಕೊಳೆತ ತೊಲೆ ಬದಲಿಗೆ ಕೆಳಗೆ ಆಸರೆ ಆಗ್ತವೆ."

"ಉಂಡ ಮನೆ ಗಳ ಎಣಿಸೋರನ್ನ ಕಂಡಿದ್ದೆ. ಉಣ್ಣೋ ಮೇಜನ್ನೇ ಬಿಚ್ಚೋನನ್ನ ಇವತ್ತು ಕಂಡೆ. ಹುಡುಗ್ರು ಬೇಕಂತ್ಲೇ ಮಾಡ್ತಿದಾರೆ ಅಂತ ಕೋಚ್‌ಗೆ ಹೇಳಕ್ಕೇನು ನಿಂಗೆ?"

"ಬಿಳೀ ಹುಡುಗ್ರ ಮೇಲೆ ನಾನು ಚಾಡಿ ಹೇಳಿದ್ರೆ ಅವನ ಜೊತೆ ನಂಗೂ ಬಸ್ಸೇ. ರೂಬೆನ್‌ಗೆ ಹೇಳಿದ್ರೆ ಅವನು ಡಾಬ್ಸ್ ಜೊತೆ ಜಗಳಕ್ಕೆ ನಿಂತು ಅವತ್ತೇ ಬಸ್ ಹತ್ತಬೇಕಾಗ್ತದೆ. ಅದೂ ಅಲ್ದೆ ಕೆಟ್ಟಿರೋದು ನನ್ನ ನೆಲ. ಆ ಮಗು ತನ್ನ ಕೈ ಕೆಟ್ಟಿದೆ ಅಂತಿದೆಯಲ್ಲೇ. ಅದನ್ನ ಕೇಳಿಸ್ಕೊಂಡು ನಾನು ಹೆಂಗೆ ಉಣ್ಲಿ ಇದರ ಮೇಲೆ?"

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸುತ್ತಿಗೆ ಎತ್ತಿ ಅವನ ಕೈಗೆ ಕೊಟ್ಟೆ. "ಸೀಳದ ಹಾಗೆ ಬಿಚ್ಚು" ಅಂದೆ.

ಒಂದು ಭಾನುವಾರವೂ ಚರ್ಚು ತಪ್ಪಿಸದ, ಅಲ್ಲಿನ ಹಿರಿಯರಲ್ಲೊಬ್ಬ ಅವನು. ಪಾದ್ರಿ ವಿಚಾರಿಸಿದಾಗ ದೇವರ ಮನೆಯಲ್ಲೇ ನಿಂತು ಜ್ವರ ಎಂದು ಸುಳ್ಳು ಹೇಳಿದೆ. ದೇವರು ಬೇಕಾದರೆ ಲೂಷಿಯಸ್‌ನನ್ನೇ ಕೇಳಿಕೊಳ್ಳಲಿ. ಊರೆಲ್ಲ ಚರ್ಚಿನಲ್ಲಿದ್ದಾಗ ಅವನು ಕೊಳೆತದ್ದನ್ನು ಕಿತ್ತು, ನನ್ನ ಮೇಜನ್ನು ಅಲ್ಲಿ ಕೂರಿಸಿ, ಉಜ್ಜಿ ವಾರ್ನಿಷ್ ಬಳಿದ. ಸೋಮವಾರ ಒಣಗಬೇಕೆಂದು ಅಂಗಳದ ಸುತ್ತ ಹಗ್ಗ ಕಟ್ಟಿದ. ಲೂಷಿಯಸ್ ಕಟ್ಟಿದ ಹಗ್ಗ ದಾಟುವ ಧೈರ್ಯ ಕೋಚಿಗೂ ಇರಲಿಲ್ಲ.

ಮಂಗಳವಾರ ನಾನೂ ಹೋದೆ. ಆ ವರ್ಷ ನಮ್ಮ ಜನಕ್ಕೆ ಮೇಲಿನ ಕೊನೆಯ ಸಾಲು, ಕಂಬದ ಹಿಂದೆ, ಬಿಟ್ಟಿದ್ದರು. ಆಟ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ, ಡಾಬ್ಸ್ ಎಂದಿನಂತೆ ಎಡಮೂಲೆಗೆ ಚೆಂಡು ಎಸೆದ. ಜನ ನಗಲು ಬಾಯಿ ತೆರೆದುಕೊಂಡೇ ಕಾದರು. ರೂಬೆನ್ ಹಲ್ಲು ಕಚ್ಚಿ ನೆಲಕ್ಕೆ ಬಡಿದ.

ಠಣ್ಣೆಂದು ಎದ್ದು ಬಂತು ಅವನ ಕೈಗೆ. ನನ್ನ ಮೇಜಿನ ಸದ್ದು ನನಗೆ ತಿಳಿಯದೇ? ಎರಡು ಹೆಜ್ಜೆ ಇಟ್ಟ, ಹಾರಿದ, ಬುಟ್ಟಿಗೆ ಹಾಕಿದ. ಡಾಬ್ಸ್ ಪೆಚ್ಚಾಗಿ ನಿಂತ. ಮತ್ತೆ ಅಲ್ಲಿಗೇ ಎಸೆದ, ಮತ್ತೆ ಬುಟ್ಟಿ. ಮೂರನೆಯ ಸಲವೂ ಹಾಗೇ. ಆಮೇಲೆ ಆ ಕುಚೇಷ್ಟೆ ಬಿಟ್ಟ. ಕೊನೆಯ ಗಳಿಗೆಯಲ್ಲಿ ನಾವು ಒಂದು ಅಂಕ ಹಿಂದಿದ್ದೆವು, ಡಾಬ್ಸನನ್ನು ಮೂವರು ಮುತ್ತಿದ್ದರು. ಅವನು ಸುತ್ತ ನೋಡಿ, "ರೂಬೆನ್!" ಎಂದು ಕೂಗಿ ಎಡಮೂಲೆಗೆ ಎಸೆದ. ವರ್ಷದಲ್ಲಿ ಮೊದಲ ಬಾರಿಗೆ ಅವನ ಹೆಸರು ಹಿಡಿದು ಕೂಗಿದ್ದ, ಮೊದಲ ಬಾರಿಗೆ ನಂಬಿ ಎಸೆದಿದ್ದ. ಚೆಂಡು ಬುಟ್ಟಿಯೊಳಗೆ ಬಿತ್ತು, ಗಂಟೆ ಹೊಡೆಯಿತು.

ಜನ ಕರಗಿದ ಮೇಲೆ ನಾನು ಕೆಳಗಿಳಿದು ಬರುವಷ್ಟರಲ್ಲಿ ಡಾಬ್ಸ್ ಆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹಲಗೆ ತಟ್ಟಿ ನೋಡಿದ. ಬಟ್ಟೆ ಹಿಡಿದು ಬಂದ ನನ್ನ ಗಂಡನ ಮುಖ ನೋಡಿದ.

"ಇದು ನೀವು ಮಾಡಿದ್ದಾ, ಮಿಸ್ಟರ್ ಟಾಲಿವರ್?"

"ನೆಲ ನೋಡ್ಕೊಳ್ಳೋದು ನನ್ನ ಕೆಲಸ. ಬೂಟು ಕಳಚಿ ನಡೀರಿ, ವಾರ್ನಿಷ್ ಹೊಸದು" ಅಂದ ಲೂಷಿಯಸ್. ಡಾಬ್ಸ್ ಕಳಚಿದ. ಅದನ್ನು ನಾನು ಕಣ್ಣಾರೆ ಕಂಡೆ. ಅವತ್ತು ನನ್ನ ಗಂಡನನ್ನು ನೋಡಿ ಬಲು ಹೆಮ್ಮೆಪಟ್ಟೆ.

ಮಾರನೆಯ ಸಂಜೆ ರೂಬೆನ್ ಕಾಗದ ಹಿಡಿದು ಬಂದ. ಇನ್ನು ಮೂರು ವರ್ಷ ಖಚಿತ. ನಾನು ತಟ್ಟೆಯನ್ನು ಅವನ ತೊಡೆಯ ಮೇಲಿಟ್ಟೆ.

"ಮೇಜೆಲ್ಲಿ ಮಿಸ್ ಓಝೆಲ್ಲಾ?"

"ನಿನ್ನೆ ಪೂರ್ತಿ ಅದರ ಮೇಲೆ ಕುಣಿದು ಬಂದು ನನ್ನನ್ನ ಕೇಳ್ತೀಯಲ್ಲೋ" ಅಂದೆ. ಆಮೇಲೆ ಎಲ್ಲ ಹೇಳಿದೆ, ಕೊಳೆತ ತೊಲೆ, ಡಾಬ್ಸನ ಆಟ, ಭಾನುವಾರದ ಜ್ವರ.

ಅವನು ತುತ್ತು ಕೆಳಗಿಟ್ಟ. ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಹಂಗಾದ್ರೆ ನನ್ನ ಕೈ ಸರಿಯಾಗೇ ಇತ್ತಾ?"

"ಯಾವತ್ತೂ ಸರಿಯಾಗೇ ಇತ್ತು ಮಗಾ," ಅಂದ ಲೂಷಿಯಸ್. "ನೆಲ ಸರಿ ಇರ್ಲಿಲ್ಲ."